ಆರು ವರ್ಷ, ಐದು ವಾಚು, ಅದರಲ್ಲೊಂದು ನಕಲಿ: ಕಟ್ಟಿ ನೋಡಿದ ಮೇಲೆ ಬರೆದಿದ್ದು

ವಾಚು ಕೂಡಿಸುವ ಹುಚ್ಚು ಹತ್ತಿ ಆರು ವರ್ಷ ದಾಟಿತು. ಇಷ್ಟರಲ್ಲಿ ಐದು ವಾಚು ಕೂಡಿಸಿದ್ದೇನೆ. ಮೂರು ಅಸಲಿ, ಒಂದು ನಕಲಿ, ಇನ್ನೊಂದನ್ನು ಏನೆಂದು ಕರೆಯಬೇಕೋ ನನಗೂ ತಿಳಿದಿಲ್ಲ. ಅದರ ಕಥೆ ಆಮೇಲೆ ಹೇಳುತ್ತೇನೆ. ಹೊಸದಾಗಿ ಶುರು ಮಾಡುವವರು ನನ್ನನ್ನು ಕೇಳುವ ಮೊದಲ ಪ್ರಶ್ನೆ ಒಂದೇ: "ಮೊದಲು ಒಂದು ರಿಪ್ಲಿಕಾ ತಗೊಂಡ್ರೆ ಏನು ತಪ್ಪು? ನೋಡೋಕೆ ಒಂದೇ ಥರ ಇರುತ್ತಲ್ವಾ?" ನಾನೂ ಹಾಗೇ ಯೋಚಿಸಿ ಶುರು ಮಾಡಿದವನು. ಅದಕ್ಕೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ನನ್ನ ಮೊದಲ ವಾಚು, ನೀರಿಗಿಳಿಯುವವರಿಗೆಂದು ರೋಲೆಕ್ಸ್ ಮಾಡುವ ಸಬ್‌ಮರೀನರ್‌ನ ನಕಲು. ಕಪ್ಪು ಡಯಲ್, ಕಪ್ಪು ಬೆಜೆಲ್ (ಗಾಜಿನ ಸುತ್ತ ತಿರುಗುವ ಬಳೆ), ತಾರೀಖಿನ ಮೇಲೆ ಪುಟ್ಟ ಭೂತಗನ್ನಡಿ. ಮಾರಿದವರು "ಫಸ್ಟ್ ಕಾಪಿ, ಪಕ್ಕದಲ್ಲಿಟ್ಟರೂ ಗೊತ್ತಾಗಲ್ಲ" ಅಂದಿದ್ದರು. ಮೊದಲ ದಿನ ನಿಜಕ್ಕೂ ಖುಷಿಪಟ್ಟೆ. ಕೈ ಮೇಲೆ ಒಳ್ಳೆ ಭಾರ ಇತ್ತು. ಬಿಸಿಲಿಗೆ ಹಿಡಿದರೆ ಥಳಥಳ ಹೊಳೆಯುತ್ತಿತ್ತು. ಮೊದಲ ಎರಡು ತಿಂಗಳು ಅದರಲ್ಲಿ ಒಂದು ಕುಂದೂ ನನ್ನ ಕಣ್ಣಿಗೆ ಬೀಳಲಿಲ್ಲ.

ಓದಿಕೊಳ್ಳುತ್ತಾ ಹೋದ ಹಾಗೆ ಒಂದೊಂದೇ ಕಾಣತೊಡಗಿತು. ಅಸಲಿ ಸಬ್‌ಮರೀನರ್‌ನ ಈಗಿನ ಯಂತ್ರ ಗಂಟೆಗೆ 28,800 ಸಲ ಮಿಡಿಯುತ್ತದೆ. ಅಂದರೆ ಸೆಕೆಂಡಿನ ಮುಳ್ಳು ಒಂದು ಸೆಕೆಂಡಿಗೆ ಎಂಟು ಪುಟ್ಟ ಹೆಜ್ಜೆ ಇಡುತ್ತದೆ. ನನ್ನದನ್ನು ಫೋನಿನಲ್ಲಿ ಸ್ಲೋ ಮೋಷನ್ ವಿಡಿಯೋ ಮಾಡಿ ಎಣಿಸಿದೆ. ಆರೇ ಹೆಜ್ಜೆ. ಅಸಲಿಯಲ್ಲಿ ತಾರೀಖು ಎರಡೂವರೆ ಪಟ್ಟು ದೊಡ್ಡದಾಗಿ, ಕಿಟಕಿಯ ತುಂಬಾ ಕಾಣುತ್ತದೆ. ನನ್ನದರಲ್ಲಿ ಅಂಕಿ ನಡುವೆ ಬಡವಾಗಿ ಕೂತಿತ್ತು. ಬೆಜೆಲ್ ತಿರುಗಿಸಿದರೆ ಕ್ಲಿಕ್ ಅನ್ನುತ್ತದೆ ನಿಜ, ಆದರೆ ಬಿಟ್ಟ ಮೇಲೆ ಒಂದಿಷ್ಟು ಹಿಂದಕ್ಕೂ ಅಲುಗಾಡುತ್ತದೆ. ನೀರಿನಡಿ ಎಷ್ಟು ಹೊತ್ತಾಯಿತು ಎಂದು ಲೆಕ್ಕ ಹಿಡಿಯಲು ಇರುವ ಭಾಗ ಅದು, ಸುಮ್ನೆ ಅಲಂಕಾರಕ್ಕೆ ಇಟ್ಟಿದ್ದಲ್ಲ. ಕತ್ತಲಲ್ಲಿ ಹೊಳೆಯುವ ಬಣ್ಣವನ್ನು ನಾವು ಈಗಲೂ ರೇಡಿಯಂ ಅಂತಲೇ ಕರೆಯುತ್ತೇವೆ. ವಾಚುಗಳಲ್ಲಿ ರೇಡಿಯಂ ಹಚ್ಚುವುದು ನಿಂತು ದಶಕಗಳಾದವು. ಈಗ ಬಳಸುವುದು ಬೆಳಕು ಕುಡಿದು ನಿಧಾನವಾಗಿ ಬಿಡುವ, ಅಪಾಯವಿಲ್ಲದ ಪುಡಿ. ಒಳ್ಳೆಯದಾದರೆ ರಾತ್ರಿ ಎಚ್ಚರವಾದಾಗಲೂ ಟೈಮು ಕಾಣುತ್ತದೆ. ನನ್ನ ನಕಲಿಯಲ್ಲಿ ದೀಪ ಆರಿಸಿದ ಕೆಲವೇ ನಿಮಿಷಕ್ಕೆ ಬೆಳಕು ಹೋಗುತ್ತಿತ್ತು.

ಇದೆಲ್ಲ ನೋಟದ ಮಾತಾಯಿತು. ಇದನ್ನು ಸಹಿಸಿಕೊಳ್ಳಬಹುದು ಅನ್ನಿ. ನಾಲ್ಕನೇ ತಿಂಗಳು ಒಂದು ದಿನ ಕೈ ತೊಳೆದು ಬಂದೆ. ಗಾಜಿನ ಒಳಗಡೆ, ಆರರ ಅಂಕದ ಹತ್ತಿರ, ಉಗುರಿನಷ್ಟು ಮಂಜು ಕೂತಿತ್ತು. ಡಯಲ್ ಮೇಲೆ 300 ಮೀಟರ್, 1000 ಅಡಿ ಎಂದು ಅಚ್ಚುಕಟ್ಟಾಗಿ ಬರೆದಿದೆ. ನಲ್ಲಿ ನೀರಿಗೇ ತಡೆಯಲಿಲ್ಲ. ದೀಪದ ಪಕ್ಕ ಇಟ್ಟೆ, ಮಂಜು ಹೋಯಿತು. ವಾರದ ನಂತರ ಮತ್ತೆ ಬಂತು. ಆಮೇಲೆ ನಿಮಿಷದ ಮುಳ್ಳಿನ ಬುಡದಲ್ಲಿ ಸಣ್ಣದೊಂದು ಕಂದು ಚುಕ್ಕೆ ಕಾಣಿಸಿತು. ತುಕ್ಕು.

ರಿಪೇರಿಯವರ ಹತ್ತಿರ ತೆಗೆದುಕೊಂಡು ಹೋದೆ. ವಯಸ್ಸಾದವರು, ಕಣ್ಣಿಗೆ ಲೂಪ್ ಎಂಬ ಪುಟ್ಟ ಭೂತಗನ್ನಡಿ ಸಿಕ್ಕಿಸಿಕೊಂಡೇ ಮಾತಾಡುವವರು. ಹಿಂಬದಿ ಮುಚ್ಚಳ ತಿರುಗಿಸಿ ತೆಗೆದು ನನ್ನ ಮುಂದೆ ಇಟ್ಟರು. ಒಳಗೆ ಸುತ್ತಲೂ ಕೂರಬೇಕಾದ ರಬ್ಬರ್ ರಿಂಗ್ ಒಂದು ಕಡೆ ಜಗ್ಗಿ, ಮುಚ್ಚಳದ ಅಂಚಿಗೆ ಸಿಕ್ಕಿ ಕತ್ತರಿಸಿಹೋಗಿತ್ತು. ಯಂತ್ರದ ತಟ್ಟೆಯ ಮೇಲೆ ಯಾರದೋ ಬೆರಳಚ್ಚು, ಅದೂ ತುಕ್ಕಾಗಿ ಅಲ್ಲೇ ಉಳಿದಿತ್ತು. "ನೋಡಪ್ಪ, ಇದನ್ನ ಒರೆಸಿ ಮುಚ್ಚಿ ಕೊಡ್ತೀನಿ. ಆದ್ರೆ ಇದರ ಒಂದು ಚಕ್ರ ಹೋದ್ರೆ ನಾನು ಎಲ್ಲಿಂದ ತರಲಿ? ಯಾರು ಮಾಡಿದ್ದು ಅಂತಾನೇ ಇದರಲ್ಲಿ ಬರೆದಿಲ್ಲ" ಎಂದರು. ಬೆರಳಚ್ಚಿಗಿಂತ ಆ ಮಾತು ನನ್ನ ಮನಸ್ಸಿನಲ್ಲಿ ಜಾಸ್ತಿ ಉಳಿಯಿತು. ಮುಂದೆ ಏನೇ ಕೊಳ್ಳುವಾಗಲೂ ನಾನು ಮೊದಲು ನೋಡುವುದು ಅದನ್ನೇ: ಇದು ಕೆಟ್ಟರೆ ಯಾರಾದರೂ ಸರಿ ಮಾಡಿಕೊಡುತ್ತಾರಾ?

ಕೈಯ ಚರ್ಮದ ವಿಷಯವೂ ಇದೆ. ಮುಚ್ಚಳ ತಾಗುವ ಕಡೆ ಕೆಂಪಗಾಗಿ ಕೆರೆತ ಶುರುವಾಯಿತು. ಇಂಥ ಕೆರೆತಕ್ಕೆ ಸಾಮಾನ್ಯವಾಗಿ ನಿಕಲ್ ಕಾರಣ. ಒಳ್ಳೆ ವಾಚುಗಳಿಗೆ ಬಳಸುವ 316ಎಲ್ ಸ್ಟೀಲಿನಲ್ಲೂ ನಿಕಲ್ ಇರುತ್ತದೆ, ಆದರೆ ಅದು ಹೊರಗೆ ಬಿಡುವುದು ತೀರಾ ಕಡಿಮೆ. ನನ್ನದಕ್ಕೆ ಯಾವ ಲೋಹ ಹಾಕಿದ್ದಾರೆ ಎಂದು ಯಾರನ್ನು ಕೇಳುವುದು? ಮಾರಿದವರು ಅಷ್ಟರಲ್ಲಿ ಫೋನ್ ಎತ್ತುವುದನ್ನೇ ಬಿಟ್ಟಿದ್ದರು.

ಇಷ್ಟೆಲ್ಲಾ ಆದರೂ ನನಗೆ ನಿಜವಾಗಿ ಬೇಜಾರಾಗಿದ್ದು ಬೇರೆ ಕಾರಣಕ್ಕೆ. ಆಫೀಸಿನಲ್ಲಿ ಒಬ್ಬರು ಆಸೆಯಿಂದ ಕೈ ಹಿಡಿದು ನೋಡಿ "ಒರಿಜಿನಲ್ಲಾ?" ಎಂದು ಕೇಳಿದರು. ಅವರಿಗೆ ವಾಚು ಅಂದರೆ ಪ್ರೀತಿ. ಹೌದು ಅಂದರೆ ಸುಳ್ಳು. ಅಲ್ಲ ಅಂದರೆ ಹಾಗಾದರೆ ಆ ಹೆಸರು ಯಾಕೆ ಕಟ್ಟಿಕೊಂಡಿದ್ದೀಯ ಎಂಬ ಪ್ರಶ್ನೆ. ಅವತ್ತಿನಿಂದ ತೋಳಿನ ಗುಂಡಿ ಬಿಚ್ಚುವುದನ್ನು ಬಿಟ್ಟೆ. ವಾಚು ಕಟ್ಟುವುದೇ ನಾಲ್ಕು ಜನರ ಜೊತೆ ಅದರ ಬಗ್ಗೆ ಮಾತಾಡುವ ಖುಷಿಗೆ. ಅದನ್ನೇ ಮುಚ್ಚಿಕೊಂಡು ಓಡಾಡುವ ಹಾಗಾಯಿತು.

ಎರಡನೆಯದು ಕ್ಯಾಸಿಯೊ ಎಫ್-91ಡಬ್ಲ್ಯೂ. 1989ರಿಂದ ಬರುತ್ತಿರುವ ಪ್ಲಾಸ್ಟಿಕ್ ವಾಚು. ತೂಕ 21 ಗ್ರಾಂ. ಕಟ್ಟಿದ್ದೇ ಮರೆತುಹೋಗುತ್ತದೆ. ತಿಂಗಳಿಗೆ ಮೂವತ್ತು ಸೆಕೆಂಡು ಆಚೀಚೆ ಆಗಬಹುದು ಎಂದು ಕಂಪನಿ ಹೇಳುತ್ತದೆ, ನನ್ನದು ಅಷ್ಟೂ ತಪ್ಪುವುದಿಲ್ಲ. ಸೆಲ್ಲು ಸುಮಾರು ಏಳು ವರ್ಷ ಬರುತ್ತದೆ ಎಂಬ ಮಾತಿದೆ. ನನ್ನದರಲ್ಲಿ ಇನ್ನೂ ಮೊದಲ ಸೆಲ್ಲೇ ಓಡುತ್ತಿದೆ. ಇದರ ದೀಪ ಮಾತ್ರ ಮಂಕು, ಅದೊಂದಕ್ಕೆ ಹೊಂದಿಕೊಳ್ಳಬೇಕು. ಇದಕ್ಕೂ ನಕಲಿ ಬರುತ್ತದೆ ಎಂದರೆ ನಂಬುತ್ತೀರಾ? ಪತ್ತೆ ಮಾಡಲು ಸುಲಭದ ದಾರಿ ಇದೆ. ಬಲಗಡೆಯ ಬಟನ್ ಮೂರು ಸೆಕೆಂಡು ಒತ್ತಿ ಹಿಡಿಯಿರಿ. ಪರದೆಯ ಮೇಲೆ ಅಂಕಿಗಳು ಹೋಗಿ ಕ್ಯಾಸಿಯೊ ಎಂಬ ಹೆಸರು ಇಂಗ್ಲಿಷಿನಲ್ಲಿ ಮೂಡುತ್ತದೆ. ಇದನ್ನೂ ನಕಲು ಮಾಡಿದವರಿದ್ದಾರೆ, ಹಾಗಾಗಿ ಹೆಸರು ಬಂದರೆ ಸಾಕು ಅಂತಲ್ಲ. ಆದರೆ ಬರದಿದ್ದರೆ ಅಲ್ಲಿಗೆ ಮುಗಿಯಿತು.

ಈ ಐದರಲ್ಲಿ ನನಗೆ ಜಾಸ್ತಿ ಇಷ್ಟವಾದದ್ದು ಮೂರನೆಯದು, ಸೈಕೊ 5 ಸ್ಪೋರ್ಟ್ಸ್. ಸೈಕೊ 5 ಎಂಬ ಸಾಲು ಶುರುವಾಗಿದ್ದು 1963ರಲ್ಲಿ. ತಾನೇ ಕೀ ಕೊಟ್ಟುಕೊಳ್ಳುವುದು, ವಾರ ಮತ್ತು ತಾರೀಖು ಒಂದೇ ಕಿಟಕಿಯಲ್ಲಿ, ನೀರು ತಡೆಯುವುದು, ಕೀ ನಾಲ್ಕರ ಜಾಗದಲ್ಲಿ, ಗಟ್ಟಿ ಮೈ. ಆ ಐದು ಗುಣಗಳಿಗೇ ಆ ಹೆಸರು. ನನ್ನದರಲ್ಲಿರುವುದು 4ಆರ್36 ಎಂಬ ಯಂತ್ರ. ಇದೂ ಸೆಕೆಂಡಿಗೆ ಆರೇ ಹೆಜ್ಜೆ ಇಡುತ್ತದೆ, ನನ್ನ ನಕಲಿಯ ಹಾಗೆಯೇ. ವ್ಯತ್ಯಾಸ ಏನು ಅಂದರೆ ಇದು ಎಂಟು ಎಂದು ಎಲ್ಲೂ ಹೇಳಿಕೊಂಡಿಲ್ಲ. ಪೂರ್ತಿ ಕೀ ಕೊಟ್ಟು ಇಟ್ಟರೆ 41 ಗಂಟೆ ಓಡುತ್ತದೆ. ದಿನಕ್ಕೆ 45 ಸೆಕೆಂಡು ಮುಂದೆ ಅಥವಾ 35 ಸೆಕೆಂಡು ಹಿಂದೆ ಹೋಗಬಹುದು ಎಂದು ಕೈಪಿಡಿಯಲ್ಲೇ ಬರೆದಿದ್ದಾರೆ. ನನ್ನದು ದಿನಕ್ಕೆ ಒಂಬತ್ತು ಸೆಕೆಂಡು ಮುಂದೆ. ಭಾನುವಾರ ಬೆಳಗ್ಗೆ ಕೀ ಎಳೆದು, ಸೆಕೆಂಡಿನ ಮುಳ್ಳು ನಿಲ್ಲಿಸಿ, ಸರಿಯಾದ ಟೈಮಿಗೆ ಬಿಡುತ್ತೇನೆ. ಆ ಒಂದು ನಿಮಿಷ ನನಗೆ ಬಹಳ ಇಷ್ಟ.

ಹಿಂಬದಿಯ ನಂಬರ್ ಓದುವುದನ್ನೂ ಇದರಿಂದಲೇ ಕಲಿತೆ. ಸೈಕೊದ ಸೀರಿಯಲ್ ನಂಬರಿನ ಮೊದಲ ಅಂಕಿ ತಯಾರಾದ ವರ್ಷದ ಕೊನೆಯ ಅಂಕಿ, ಎರಡನೆಯದು ತಿಂಗಳು. ಅಕ್ಟೋಬರ್, ನವೆಂಬರ್, ಡಿಸೆಂಬರ್‌ಗೆ ಮಾತ್ರ ಅಂಕಿಯ ಬದಲು ಆ ತಿಂಗಳ ಮೊದಲ ಇಂಗ್ಲಿಷ್ ಅಕ್ಷರ. ನನ್ನದು ಒಂಬತ್ತು, ಎನ್. ಅಂದರೆ 2019ರ ನವೆಂಬರ್‌ನಲ್ಲಿ ಹುಟ್ಟಿದ್ದು. ಇದಕ್ಕೊಂದು ಹುಟ್ಟಿದ ತಿಂಗಳಿದೆ ಎಂದು ಗೊತ್ತಾದಾಗ ಆದ ಸಂತೋಷ ಬರೆದು ತಿಳಿಸುವುದು ಕಷ್ಟ.

ಇದೂ ಒಮ್ಮೆ ಕೈ ಕೊಟ್ಟಿತು, ತಪ್ಪು ನನ್ನದು. ರಾತ್ರಿ ಹೊತ್ತು ಇದನ್ನು ಸ್ಪೀಕರ್ ಮೇಲೆ ಇಡುವ ಅಭ್ಯಾಸ ಮಾಡಿಕೊಂಡಿದ್ದೆ. ಇದ್ದಕ್ಕಿದ್ದ ಹಾಗೆ ದಿನಕ್ಕೆ ಐದಾರು ನಿಮಿಷ ಮುಂದೆ ಓಡತೊಡಗಿತು. ಅದೇ ರಿಪೇರಿಯವರು ಮುಚ್ಚಳ ಕೂಡ ತೆಗೆಯಲಿಲ್ಲ. ಒಂದು ದಿಕ್ಸೂಚಿ ತಂದು ವಾಚಿನ ಪಕ್ಕ ಸರಿಸಿದರು. ಅದರ ಮುಳ್ಳು ಗಿರ್ರನೆ ತಿರುಗಿತು. ಸ್ಪೀಕರಿನಲ್ಲಿರುವಂಥ ಆಯಸ್ಕಾಂತ ತಾಗಿ ವಾಚಿನ ಒಳಗಿನ ಕೂದಲೆಳೆಯಂಥ ಸ್ಪ್ರಿಂಗಿನ ಸುರುಳಿಗಳು ಒಂದಕ್ಕೊಂದು ಅಂಟಿಕೊಂಡರೆ ವಾಚು ಹೀಗೆ ಓಡುತ್ತದೆ. ಆಯಸ್ಕಾಂತದ ಗುಣ ತೆಗೆಯುವ ಪುಟ್ಟ ಯಂತ್ರದ ಮೇಲಿಟ್ಟು ಬಟನ್ ಒತ್ತಿ, ಮೆಲ್ಲಗೆ ಮೇಲಕ್ಕೆತ್ತಿದರು. ಮಾರನೇ ದಿನ ಮತ್ತೆ ಒಂಬತ್ತು ಸೆಕೆಂಡು. ನಿಮ್ಮ ವಾಚು ದಿಢೀರ್ ಅಂತ ತುಂಬಾ ಮುಂದೆ ಓಡಿದರೆ ಗಾಬರಿಯಾಗಿ ಸರ್ವಿಸ್‌ಗೆ ಕೊಡುವ ಮೊದಲು ಇದನ್ನು ನೋಡಿಸಿ. ಇನ್ನೊಂದು ಮಾತು, ರಾತ್ರಿ ಒಂಬತ್ತರಿಂದ ಬೆಳಗಿನ ಜಾವ ನಾಲ್ಕರವರೆಗಿನ ಟೈಮು ತೋರಿಸುತ್ತಿರುವಾಗ ತಾರೀಖು ಬದಲಿಸಬೇಡಿ. ಆಗ ತಾರೀಖಿನ ಹಲ್ಲುಗಳು ಕಚ್ಚಿಕೊಂಡಿರುತ್ತವೆ.

ನಾಲ್ಕನೆಯದು ಸಿಟಿಜನ್ ಇಕೋ-ಡ್ರೈವ್. ಬೆಳಕಿನಿಂದ ಚಾರ್ಜ್ ಆಗುತ್ತದೆ, ಸೆಲ್ಲು ಬದಲಿಸುವ ಗೋಜಿಲ್ಲ. ಕಿಟಕಿಯ ಹತ್ತಿರ ಇಟ್ಟರೆ ಸಾಕು. ಇದರ ಬಗ್ಗೆ ಇಷ್ಟೇ ಹೇಳುವುದಿರುವುದು, ಅದೇ ಇದರ ದೊಡ್ಡ ಗುಣ.

ಐದನೆಯದು ಆ ಹೆಸರಿಡಲಾಗದ ವಾಚು. ಹಳೇ ಸ್ವಿಸ್ ವಾಚು ಎಂದು ಆಸೆಪಟ್ಟು ಸೆಕೆಂಡ್ ಹ್ಯಾಂಡ್ ಕೊಂಡೆ. ಯಂತ್ರ ಅಸಲಿ, ಕೇಸು ಅಂದರೆ ಹೊರಗಿನ ಕವಚವೂ ಅಸಲಿ. ಆದರೆ ಡಯಲ್‌ಗೆ ಯಾರೋ ಹೊಸದಾಗಿ ಬಣ್ಣ ಹೊಡೆದಿದ್ದಾರೆ. ಲೂಪ್‌ನಲ್ಲಿ ನೋಡಿದರೆ ಅಕ್ಷರದ ಅಂಚು ಹರಡಿಕೊಂಡಿದೆ, ನಿಮಿಷದ ಗೆರೆಗಳು ಒಂದೇ ದಪ್ಪ ಇಲ್ಲ. ಮುಳ್ಳುಗಳು ಬೇರೆ ಯಾವುದೋ ವಾಚಿನವು. ಗಂಟೆಯ ಮುಳ್ಳು ಅಂಕಿಯನ್ನು ಮುಟ್ಟುವುದೇ ಇಲ್ಲ. ಹೀಗೆ ಹತ್ತಾರು ವಾಚಿನ ಭಾಗ ಸೇರಿಸಿ ಕಟ್ಟಿದ್ದನ್ನು ಫ್ರಾಂಕನ್‌ವಾಚ್ ಅನ್ನುತ್ತಾರೆ. ಹಳೇ ವಾಚಿನ ಆಸೆ ಇರುವವರು ಮೊದಲ ವಾಚಾಗಿ ಹಳೆಯದನ್ನು ಕೊಳ್ಳಬೇಡಿ. ಅದೇ ಮಾದರಿಯ ಹತ್ತಿಪ್ಪತ್ತು ಫೋಟೋ ಪಕ್ಕದಲ್ಲಿಟ್ಟುಕೊಂಡು ನೋಡುವ ಕಣ್ಣು ಬಂದ ಮೇಲೆ ಕೊಳ್ಳಿ.

ಇಲ್ಲಿ ಒಂದು ಗೊಂದಲ ಬಿಡಿಸಬೇಕು. ಸಬ್‌ಮರೀನರ್ ಥರ ಕಾಣುವ ವಾಚೆಲ್ಲ ನಕಲಿಯಲ್ಲ. ರೋಲೆಕ್ಸ್ ಸಬ್‌ಮರೀನರ್ ಬಂದದ್ದು 1953ರಲ್ಲಿ. ಬ್ಲಾಂಕ್‌ಪೇನ್ ಕಂಪನಿಯ ಫಿಫ್ಟಿ ಫ್ಯಾದಮ್ಸ್ ಬಂದದ್ದೂ ಅದೇ ವರ್ಷ. ತಿರುಗುವ ಬೆಜೆಲ್, ಕಪ್ಪು ಡಯಲ್, ದಪ್ಪ ಗುರುತುಗಳು ಅಂದಿನಿಂದ ಮುಳುಗುಗಾರರ ವಾಚಿನ ಸಾಮಾನ್ಯ ರೂಪವಾಗಿಬಿಟ್ಟಿವೆ. ಆ ರೂಪದ ಮೇಲೆ ತಮ್ಮದೇ ಹೆಸರು ಹಾಕಿ ಮಾರುವವರಿದ್ದಾರೆ. ಅದಕ್ಕೆ ಹೋಮೇಜ್ ಅನ್ನುತ್ತಾರೆ. ಅದರಲ್ಲಿ ಯಾವ ಯಂತ್ರ, ಎಷ್ಟು ಮೀಟರ್, ಎಷ್ಟು ವಾರಂಟಿ ಎಂದು ಬರೆದು ಜವಾಬ್ದಾರಿ ಹೊರುತ್ತಾರೆ. ರೂಪವೇ ಮುಖ್ಯ, ದುಡ್ಡು ಕಡಿಮೆ ಎನ್ನುವವರು ಅದನ್ನು ತಗೊಳ್ಳಿ. ನಕಲಿಗೂ ಹೋಮೇಜ್‌ಗೂ ಇರುವ ವ್ಯತ್ಯಾಸ ಡಯಲ್ ಮೇಲಿನ ಆ ಒಂದು ಹೆಸರು. ಬೇರೆಯವರ ಹೆಸರು ಹಾಕಿ ಮಾರುವುದು ಕಾನೂನಿಗೆ ವಿರುದ್ಧ, ಹೊರದೇಶದಿಂದ ತರಿಸಿದರೆ ಕಸ್ಟಮ್ಸ್‌ನವರು ಹಿಡಿದಿಟ್ಟುಕೊಳ್ಳಬಹುದು.

"ಈಗಿನ ಸೂಪರ್ ಕ್ಲೋನ್‌ಗಳು, ಅಂದ್ರೆ ದುಬಾರಿ ನಕಲಿಗಳು, ಹಾಗಿಲ್ಲ, ಯಂತ್ರವೂ ಅಸಲಿ ಥರಾನೇ ಇರುತ್ತೆ" ಎಂದು ವಾದಿಸುವ ಗೆಳೆಯರಿದ್ದಾರೆ. ನಿಜ, ಕೆಲವನ್ನು ಬಿಚ್ಚಿ ನೋಡದೆ ರಿಪೇರಿಯವರೂ ಹೇಳಲಾರರು. ನನಗೆ ಅದೇ ಭಯ. ಅಷ್ಟು ಚೆನ್ನಾಗಿದ್ದರೆ ಅದು ಒಂದು ದಿನ ಯಾರೋ ಪಾಪದವರ ಕೈಗೆ ಅಸಲಿ ಎಂದೇ ಹೋಗುತ್ತದೆ. ಡಬ್ಬಿ, ಕಾರ್ಡು, ಸೀರಿಯಲ್ ನಂಬರ್ ಎಲ್ಲದಕ್ಕೂ ನಕಲು ಸಿಗುತ್ತದೆ. ಅಷ್ಟು ದುಡ್ಡು ಕೊಟ್ಟರೂ ಕೆಟ್ಟಾಗ ಕಂಪನಿಯ ಸರ್ವಿಸ್ ಸೆಂಟರ್ ಅದನ್ನು ಮುಟ್ಟುವುದಿಲ್ಲ. ಆ ದುಡ್ಡಿಗೆ ಒಳ್ಳೆಯ ಅಸಲಿ ವಾಚು ಖಂಡಿತ ಬರುತ್ತದೆ, ಹೆಸರು ಚಿಕ್ಕದಿರಬಹುದು ಅಷ್ಟೇ.

ಕೊಳ್ಳುವ ಮೊದಲು ಹೆಸರಿಗಿಂತ ಅಳತೆ ನೋಡಿ ಎನ್ನುತ್ತೇನೆ. ಡಯಲ್‌ನ ಅಗಲ ಎಲ್ಲರೂ ಕೇಳುತ್ತಾರೆ. ಬೆಲ್ಟು ಸಿಕ್ಕಿಸುವ ಮೇಲಿನ ಕೊಂಬಿನಿಂದ ಕೆಳಗಿನ ಕೊಂಬಿನವರೆಗಿನ ಉದ್ದ ಕೇಳುವವರು ಕಮ್ಮಿ. ಅದು ಮಣಿಕಟ್ಟಿನ ಅಗಲ ದಾಟಿದರೆ ಎಂಥ ವಾಚಾದರೂ ಕೈಯಿಂದ ಹೊರಗೆ ಚಾಚಿಕೊಂಡು ನಿಲ್ಲುತ್ತದೆ. ಕಾಗದದಲ್ಲಿ ಆ ಅಳತೆಗೆ ಕತ್ತರಿಸಿ ಕೈ ಮೇಲಿಟ್ಟು ನೋಡಿ. ನಾನು ಈಗಲೂ ಹಾಗೇ ಮಾಡುವುದು.

ಹೋದ ತಿಂಗಳು ಅಕ್ಕನ ಮಗ ಬಂದಿದ್ದ. ಡಬ್ಬಿ ತೆಗೆದ ಕೂಡಲೇ ಕೈ ಹೋಗಿದ್ದು ನಕಲಿಯ ಮೇಲೆ. "ಮಾಮ, ಇದು ನೀನು ಕಟ್ಟಲ್ವಲ್ಲ, ನನಗೆ ಕೊಡು" ಅಂದ. ಕೊಡಲಿಲ್ಲ. ಅದು ಯಾರಿಗೂ ಕೊಡುವುದಲ್ಲ, ಮಾರುವುದಲ್ಲ, ಬಿಚ್ಚಿ ಜೋಡಿಸಲು ಕಲಿಯುವುದಕ್ಕೆ ಇಟ್ಟುಕೊಂಡಿದ್ದೇನೆ ಎಂದೆ. ಮುಖ ಸಪ್ಪಗಾಯಿತು. ಕ್ಯಾಸಿಯೊ ತೆಗೆದು ಅವನ ಕೈಗೆ ಕಟ್ಟಿ, ಬಲಗಡೆ ಬಟನ್ ಒತ್ತಿ ಹಿಡಿ ಅಂದೆ. ಒಂದು, ಎರಡು, ಮೂರು ಎಂದು ಎಣಿಸಿದ. ಹೆಸರು ಮೂಡಿತು. ಬಿಟ್ಟು, ಮತ್ತೆ ಒತ್ತಿದ. ಊಟಕ್ಕೆ ಕರೆಯುವವರೆಗೂ ಒತ್ತುತ್ತಲೇ ಇದ್ದ. ಈಗ ಅದು ಅವನ ಕೈಯಲ್ಲೇ ಇದೆ, ನಾನು ನನಗೆ ಇನ್ನೊಂದು ತರಿಸಬೇಕು.