ಹುಲ್ಲಿಲ್ಲದ ಗಾಲ್ಫ್ ಮೈದಾನ: ಬ್ರೌನ್ ಚೆನ್ನಾಗಿದ್ದರೆ ಎಲ್ಲವೂ ಚೆನ್ನ

ಮುಳಬಾಗಿಲು ದಾರಿಯ ಈ ಒಂಬತ್ತು ಹೋಲ್‌ನ ಒಣ ಮೈದಾನಕ್ಕೆ ನಾವು ನಾಲ್ಕು ಜನ ವರ್ಷಗಳಿಂದ ಹೋಗುತ್ತಿದ್ದೇವೆ. ದಾರಿ, ಫೀಸು, ಬಾಡಿಗೆಗೆ ಸಿಗುವ ಗಾಲ್ಫ್ ಕೋಲುಗಳ ಸೆಟ್ಟು ಎಲ್ಲ ಗೇಟಿನ ಬೋರ್ಡಿನಲ್ಲೇ ಇದೆ. ಅದನ್ನು ಮತ್ತೆ ಬರೆಯುವುದಿಲ್ಲ. ನನಗೆ ಹೇಳಬೇಕಾಗಿರುವುದು ಇಲ್ಲಿನ ಬ್ರೌನ್‌ಗಳ ಬಗ್ಗೆ. ಈ ಮೈದಾನ ನನಗೆ ಇಷ್ಟು ಇಷ್ಟವಾಗಿದ್ದು ಅವುಗಳಿಂದ. ಕಳೆದ ಬೇಸಿಗೆಯಲ್ಲಿ ಸಿಟ್ಟು ಬಂದಿದ್ದೂ ಅವುಗಳ ವಿಷಯಕ್ಕೇ.

ಬ್ರೌನ್ ನೋಡದವರಿಗಾಗಿ ಒಂದೆರಡು ಮಾತು. ಗಾಲ್ಫ್‌ನಲ್ಲಿ ಚೆಂಡು ಬೀಳಿಸಬೇಕಾದ ಗುಳಿ (ಹೋಲ್) ಇರುವ ಜಾಗಕ್ಕೆ ಗ್ರೀನ್ ಅನ್ನುತ್ತಾರೆ, ಅಲ್ಲಿ ತುಂಬ ಗಿಡ್ಡಕ್ಕೆ ಕತ್ತರಿಸಿದ ಹುಲ್ಲಿರುತ್ತದೆ. ಒಣ ಮೈದಾನಗಳಲ್ಲಿ ಹುಲ್ಲಿನ ಬದಲು ಜರಡಿ ಹಿಡಿದ ಸಣ್ಣ ಮರಳಿಗೆ ಎಣ್ಣೆ ಬೆರೆಸಿ, ಗಟ್ಟಿ ನೆಲದ ಮೇಲೆ ತೆಳ್ಳಗೆ ಹರಡುತ್ತಾರೆ. ಎಣ್ಣೆ ಇದ್ದರೆ ಮರಳು ಗಾಳಿಗೆ ಹಾರುವುದಿಲ್ಲ, ಮಳೆಗೆ ಬೇಗ ಕೊಚ್ಚಿಹೋಗುವುದಿಲ್ಲ, ಚೆಂಡು ಹೂತುಕೊಳ್ಳದೆ ಉರುಳುತ್ತದೆ. ಇದೇ ಬ್ರೌನ್. ಇದು ಬಡವರ ಗಾಲ್ಫ್ ಅಂತ ಬೆಂಗಳೂರಿನ ಕೆಲವರು ನಮಗೆ ಹೇಳಿದ್ದಾರೆ. ಅಮೆರಿಕದ ಹೆಸರಾಂತ ಪೈನ್‌ಹರ್ಸ್ಟ್ ನಂಬರ್ 2 ಮೈದಾನದಲ್ಲಿ 1935ರವರೆಗೂ ಮರಳಿನದೇ ಗ್ರೀನ್ ಇತ್ತು. ಹಾಗಾಗಿ ಆ ಮಾತಿಗೆ ನಾವು ಬೇಜಾರು ಮಾಡಿಕೊಳ್ಳುವುದಿಲ್ಲ.

ನಮ್ಮ ಗುಂಪಿನಲ್ಲಿ ಬ್ಯಾಂಕಿನ ಕೆಲಸದ ನಾನು, ಹೈಸ್ಕೂಲಿನ ಪಿಟಿ ಮೇಷ್ಟ್ರು, ಕೋಲಾರದ ಟೊಮೆಟೊ ಮಂಡಿಯ ಅಣ್ಣ ಮತ್ತು ಕೆಜಿಎಫ್‌ನ ಅಂಕಲ್ ಇದ್ದೇವೆ. ಅಂಕಲ್ 2001ರಲ್ಲಿ ಗಣಿ ಮುಚ್ಚುವವರೆಗೂ ಅಲ್ಲೇ ಕೆಲಸದಲ್ಲಿದ್ದವರು. ಬ್ರಿಟಿಷ್ ಅಧಿಕಾರಿಗಳು ಗಣಿಯ ಜೊತೆಗೇ ಕ್ಲಬ್ಬು, ಗಾಲ್ಫು ಎರಡನ್ನೂ ಆ ಊರಿಗೆ ತಂದಿದ್ದರು. ಅಂಕಲ್‌ಗೆ ಈ ಆಟ ಹುಟ್ಟೂರಿನ ಆಟ. ನಮಗೆಲ್ಲ ಕಲಿಸಿದ್ದು ಅವರೇ. ಸುತ್ತಲಿನ ಒಣ ಮೈದಾನ ಎಲ್ಲಿದ್ದರೂ ಹೋಗಿ ಆಡಿ, ಒಂದು ನೋಟ್‌ಬುಕ್ಕಿನಲ್ಲಿ ಅಂಕ ಹಾಕುವುದು ನಮ್ಮ ಅಭ್ಯಾಸ. ಹತ್ತರಲ್ಲಿ ಐದು ಅಂಕ ಬ್ರೌನ್‌ಗೇ ಮೀಸಲು.

ಇಲ್ಲಿ ಬ್ರೌನ್ ಮೇಲೆ ಆಡುವ ಕ್ರಮ ನೋಡಿ. ಅಂಚಿನಲ್ಲಿ ಎರಡು ಸಾಮಾನು ಒರಗಿಸಿರುತ್ತಾರೆ. ಒಂದು ಹಲ್ಲಿನ ಕುಂಟೆ. ಇನ್ನೊಂದು ಉದ್ದ ಹಿಡಿಯ ಕಬ್ಬಿಣದ ಪೈಪು, ಅದಕ್ಕೆ ಗೋಣಿ ಸುತ್ತಿರುತ್ತದೆ. ನಾಲ್ವರ ಚೆಂಡೂ ಬ್ರೌನ್ ಮೇಲೆ ಬಂದ ಮೇಲೆ ಒಬ್ಬರು ಗುಳಿಯ ಹತ್ತಿರ ಪೈಪು ಇಟ್ಟು, ಅಂಚಿನವರೆಗೆ ಒಂದೇ ಎಳೆತಕ್ಕೆ ಎಳೆಯುತ್ತಾರೆ. ನಡುವೆ ನಿಲ್ಲಬಾರದು, ನಿಂತರೆ ಅಲ್ಲಿ ಒಂದು ದಿಂಡು ಉಳಿಯುತ್ತದೆ. ಎಳೆದ ಪಟ್ಟಿ ಬೆಳಗ್ಗೆ ಸಾರಿಸಿದ ಅಂಗಳದ ಹಾಗೆ ನಯವಾಗಿರುತ್ತದೆ. ಆಮೇಲೆ ನಮ್ಮ ಚೆಂಡು ಗುಳಿಯಿಂದ ಎಷ್ಟು ದೂರ ಇದೆಯೋ ಅಷ್ಟೇ ದೂರಕ್ಕೆ, ಆ ಪಟ್ಟಿಯ ಮೇಲೆ ತಂದು ಇಟ್ಟುಕೊಂಡು ಆಡುತ್ತೇವೆ. ದೂರ ಅಳೆಯಲು ಗುಳಿಯ ಕೋಲಿಗೇ ಒಂದು ನೂಲು ಕಟ್ಟಿದ್ದಾರೆ. ಹುಲ್ಲಿನ ಮೈದಾನದಲ್ಲಿ ಹೀಗೆ ಚೆಂಡು ಸರಿಸಿದರೆ ದಂಡ. ಮರಳಿನ ಮೈದಾನಗಳಲ್ಲಿ ಇದು ಹಳೆಯ ವಾಡಿಕೆ. ಕೊನೆಯವರು ಆಡಿದ ಮೇಲೆ ಇಡೀ ಬ್ರೌನ್‌ಗೆ ಕುಂಟೆ ಹಾಕಿ, ಹಿಂದೆ ಬರುವವರಿಗೆ ಸರಿ ಮಾಡಿಟ್ಟು ಹೊರಡಬೇಕು.

ಈ ಕೆಲಸ ನನಗೆ ಆಟದಷ್ಟೇ ಇಷ್ಟ. ಮೇಷ್ಟ್ರು ಅಂಚಿನ ತನಕ ಉಸಿರು ಬಿಡದೆ ಎಳೆಯುತ್ತಾರೆ. ಮಂಡಿ ಅಣ್ಣನಿಗೆ ಅವಸರ, ಅವರ ಪಟ್ಟಿ ಯಾವಾಗಲೂ ಸ್ವಲ್ಪ ಎಡಕ್ಕೆ ವಾಲುತ್ತದೆ, ಅದಕ್ಕೆ ತಕ್ಕ ಹಾಗೆ ಗುರಿ ಹಿಡಿಯುವುದನ್ನು ನಾವೆಲ್ಲ ಕಲಿತಿದ್ದೇವೆ.

ಬ್ರೌನ್‌ನ ದೊಡ್ಡ ಲಾಭ ಇನ್ನೊಂದಿದೆ, ಅದನ್ನು ಯಾರೂ ಮೊದಲೇ ನನಗೆ ಹೇಳಿರಲಿಲ್ಲ. ಚೆಂಡು ಉರುಳಿದ ಗೆರೆ ಮರಳಿನಲ್ಲಿ ಉಳಿಯುತ್ತದೆ. ಪಟ್, ಅಂದರೆ ಗುಳಿಗೆ ಚೆಂಡು ಉರುಳಿಸುವ ಮೆಲ್ಲನೆಯ ಹೊಡೆತ, ತಪ್ಪಿದಾಗ ಬಗ್ಗಿ ನೋಡಿದರೆ ಸಾಕು. ಮೊದಲ ಗೇಣಿನಲ್ಲೇ ಬಲಕ್ಕೆ ತಿರುಗಿದ್ದರೆ ತಪ್ಪು ಕೈಯದು. ಮುಕ್ಕಾಲು ದೂರ ನೇರ ಹೋಗಿ ಆಮೇಲೆ ಬಾಗಿದ್ದರೆ ನೆಲ ಇಳಿಜಾರಿದೆ ಅಂತ. ಹುಲ್ಲಿನಲ್ಲಿ ಈ ಗುರುತು ಸಿಗುವುದಿಲ್ಲ, ಊಹೆ ಮಾಡಬೇಕು. ನಾನು ಪಟ್ ಮಾಡುವುದನ್ನು ಕಲಿತಿದ್ದು ಆ ಗೆರೆಗಳನ್ನು ನೋಡಿಯೇ. ಕೋಚ್ ಇಟ್ಟುಕೊಳ್ಳುವಷ್ಟು ದುಡ್ಡು ನನ್ನ ಹತ್ತಿರ ಇರಲಿಲ್ಲ, ಬೇಕೂ ಆಗಲಿಲ್ಲ.

ಉಳಿದ ಆಟದ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಒಂದು ತುಂಡು ಪ್ಲಾಸ್ಟಿಕ್ ಹುಲ್ಲಿನ ಮ್ಯಾಟ್ ಜೊತೆಗಿರಲಿ. ಫೇರ್‌ವೇಯಲ್ಲಿ (ಆಟ ಶುರುವಾಗುವ ಜಾಗಕ್ಕೂ ಬ್ರೌನ್‌ಗೂ ನಡುವಿನ ಬಯಲಿನಲ್ಲಿ) ಚೆಂಡನ್ನು ಅದರ ಮೇಲಿಟ್ಟು ಹೊಡೆಯಲು ಇಲ್ಲಿ ಬಿಡುತ್ತಾರೆ. ಇಲ್ಲದಿದ್ದರೆ ನಮ್ಮ ಸಣ್ಣ ಕಲ್ಲುಗಳ ನೆಲಕ್ಕೆ ಐರನ್‌ಗಳ (ಲೋಹದ ತಲೆಯ ಕೋಲುಗಳ) ತಳ ಕೆರೆದುಹೋಗುತ್ತದೆ. ಹಳೆಯ ಸೆಟ್ಟು ತಂದರೆ ಇನ್ನೂ ಒಳ್ಳೆಯದು. ಕಿತ್ತಳೆ ಬಣ್ಣದ ಚೆಂಡು ಬೇಡ, ಕೆಂಪು ಮಣ್ಣಿನಲ್ಲಿ ಕಾಣುವುದೇ ಇಲ್ಲ. ಹಳದಿ ತನ್ನಿ. ಬೇಸಿಗೆಯಲ್ಲಿ ನೆಲ ಕಾದು ಗಟ್ಟಿಯಾಗಿ ಚೆಂಡು ಬಿದ್ದ ಮೇಲೂ ಓಡುತ್ತಲೇ ಇರುತ್ತದೆ, ಸೀಮೆಜಾಲಿಯೊಳಗೆ ಹೋದರೆ ಬಿಟ್ಟುಬಿಡಿ. ಈಗಿನ ನಿಯಮದಲ್ಲಿ ಹುಡುಕಲು ಮೂರೇ ನಿಮಿಷ, ಆ ಮುಳ್ಳಿಗೆ ಅದೂ ಜಾಸ್ತಿ. ಮಳೆಗಾಲದ ನಂತರ ಉತ್ತರಾಣಿ, ನೆಗ್ಗಿಲು ಮುಳ್ಳು ಎರಡೂ ಇರುತ್ತವೆ, ದಪ್ಪ ಅಟ್ಟೆಯ ಶೂ ಬೇಕು. ಮೇಕೆಗಳು ಅಡ್ಡ ಬರುತ್ತವೆ. ನಿಂತಿದ್ದ ಚೆಂಡನ್ನು ಮೇಕೆ ಒದ್ದರೆ ಮೊದಲಿದ್ದ ಜಾಗಕ್ಕೇ ವಾಪಸ್ ಇಡಬೇಕು, ದಂಡ ಇಲ್ಲ. ಫೇರ್‌ವೇಯಲ್ಲಿ ಓಡುತ್ತಿದ್ದ ಚೆಂಡು ಮೇಕೆಗೆ ತಗುಲಿದರೆ ಎಲ್ಲಿ ನಿಂತಿತೋ ಅಲ್ಲಿಂದಲೇ ಆಡಬೇಕು. ಹೆಂಗಸರ ಟಾಯ್ಲೆಟ್‌ಗೆ ಬೀಗ ಹಾಕಿರುತ್ತಾರೆ, ಪ್ರತಿ ಸಲ ಆಫೀಸಿಗೆ ಹೋಗಿ ಕೀಲಿ ಕೇಳಬೇಕು. ಇದು ಸರಿಯಲ್ಲ. ಹೇಳಿ ಹೇಳಿ ಸಾಕಾಗಿದೆ.

ಆಟ ಮುಗಿಸಿ ಮುಳಬಾಗಿಲು ದೋಸೆ ತಿಂದು ಹೊರಟರೂ, ಇಡೀ ಬೆಳಗಿನ ಖರ್ಚು ಒಂದು ಮನೆಯ ಭಾನುವಾರದ ಬಾಡೂಟಕ್ಕಿಂತ ಕಡಿಮೆ. ಬೆಂಗಳೂರಿನ ಹುಲ್ಲಿನ ಮೈದಾನದಲ್ಲಿ ಅತಿಥಿಯಾಗಿ ಆಡಲು ಸಾವಿರಗಳ ಲೆಕ್ಕ. ಪ್ರತಿ ವಾರ ಅಷ್ಟು ಕೊಡುವುದು ನನ್ನ ಸಂಬಳಕ್ಕೆ ಆಗದ ಮಾತು.

ದುಡ್ಡು ಒಂದು ಕಡೆ ಇರಲಿ, ನೀರಿನ ಮಾತೂ ಇದೆ. ಕೋಲಾರ ಜಿಲ್ಲೆಗೆ ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲ. ಸಾವಿರ ಅಡಿ ದಾಟಿದ ಬೋರ್‌ವೆಲ್‌ಗಳು ನಮ್ಮಲ್ಲಿ ಊರೂರಿಗೆ ಇವೆ. ಬೆಂಗಳೂರಿನ ಕೊಳಚೆ ನೀರನ್ನು ಶುದ್ಧ ಮಾಡಿ 2018ರಿಂದ ಕೆಸಿ ವ್ಯಾಲಿ ಯೋಜನೆಯಲ್ಲಿ ನಮ್ಮ ಕೆರೆಗಳಿಗೆ ತುಂಬಿಸುತ್ತಿದ್ದಾರೆ. ಒಣ ಸೀಮೆಯಲ್ಲಿ ಹದಿನೆಂಟು ಹೋಲ್‌ನ ಹುಲ್ಲಿನ ಮೈದಾನ ಹಸಿರಾಗಿರಬೇಕಾದರೆ ದಿನಕ್ಕೆ ಲಕ್ಷಗಟ್ಟಲೆ ಲೀಟರ್ ನೀರು ಬೇಕು. ಮಂಡಿ ಅಣ್ಣ ಇದನ್ನು ಟೊಮೆಟೊ ಲೆಕ್ಕದಲ್ಲಿ ಹೇಳುತ್ತಾರೆ: "ಡ್ರಿಪ್ ಹಾಕಿ ಹನಿ ಹನಿ ಲೆಕ್ಕ ಇಟ್ಟು ಬೆಳೆ ತೆಗೀತಾರೆ ನಮ್ಮ ರೈತರು. ಅವರ ಪಕ್ಕದಲ್ಲಿ ನಾವು ಆಟಕ್ಕೆ ಹುಲ್ಲು ನೆನೆಸೋಕಾಗುತ್ತಾ ಅಕ್ಕಾ?" ಆಗುವುದಿಲ್ಲ. ನಮ್ಮ ನೆಲಕ್ಕೆ ಹೊಂದುವ ಗಾಲ್ಫ್ ಇದೇ, ಒಣ ಗಾಲ್ಫ್.

ಆಸ್ಟ್ರೇಲಿಯಾದ ಕೂಬರ್ ಪೀಡಿಯ ಕಥೆ ಅಂಕಲ್‌ಗೆ ಬಾಯಿಪಾಠ. ಅದೂ ಗಣಿ ಊರು, ಓಪಲ್ ಅನ್ನುವ ರತ್ನದ ಕಲ್ಲು ತೆಗೆಯುವ ಊರು. ಮರುಭೂಮಿಯ ಅವರ ಮೈದಾನದಲ್ಲಿ ಒಂದು ಗರಿಕೆಯೂ ಇಲ್ಲ. ಆಡುವವರು ಹುಲ್ಲಿನ ತುಂಡನ್ನು ಜೊತೆಗೆ ಹೊತ್ತುಕೊಂಡು ಹೋಗುತ್ತಾರೆ. ಬಿಸಿಲು ತಡೆಯಲಾರದೆ ರಾತ್ರಿ ಹೊಳೆಯುವ ಚೆಂಡಿನಲ್ಲೂ ಆಡುತ್ತಾರೆ. ಆ ಸಣ್ಣ ಕ್ಲಬ್ಬಿಗೆ ಗಾಲ್ಫ್‌ನ ತವರಾದ ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ಜೊತೆ ಪರಸ್ಪರ ಆಡುವ ಒಪ್ಪಂದ ಇದೆ. ಇದನ್ನು ಹೇಳುವಾಗ ಅಂಕಲ್ ಮುಖ ನೋಡಬೇಕು. ದುಬೈಯಲ್ಲೂ 1988ರಲ್ಲಿ ಎಮಿರೇಟ್ಸ್ ಕ್ಲಬ್ಬಿನ ಹುಲ್ಲಿನ ಮೈದಾನ ಬರುವ ಮೊದಲು ಎಲ್ಲರೂ ಮರಳಲ್ಲೇ ಆಡುತ್ತಿದ್ದರು, ಎಣ್ಣೆ ಹಾಕಿದ ಇದೇ ಬ್ರೌನ್ ಮೇಲೆ.

ಇಷ್ಟು ಒಳ್ಳೆಯ ಮೈದಾನವನ್ನು ಇಟ್ಟುಕೊಂಡು ಆಡಳಿತದವರು ಕಳೆದ ವರ್ಷ ಮಾಡಿದ್ದೇನು ಗೊತ್ತಾ? ಆಫೀಸಿನ ಮುಂದೆ ಲಾನ್ ಹಾಕಿಸಿದರು. ಒಂಬತ್ತನೇ ಹೋಲ್‌ನಲ್ಲಿ "ನಿಜವಾದ ಗ್ರೀನ್" ಮಾಡುತ್ತೇವೆ ಅಂತ ಹುಲ್ಲಿನ ಹಾಸು ತರಿಸಿದರು. ಅದಕ್ಕೆ ಟ್ಯಾಂಕರ್ ನೀರು. ಫೀಸು ಏರಿಸಿದರು. ಮಳೆ ನಿಂತ ಮೇಲೆ ಪ್ರತಿ ವರ್ಷ ಬ್ರೌನ್‌ಗಳ ಮರಳು ತೆಗೆದು, ಜರಡಿ ಹಿಡಿದು, ಹೊಸ ಎಣ್ಣೆ ಬೆರೆಸುವ ಕೆಲಸ ಇರುತ್ತದೆ. ಅದನ್ನು ಕೈಬಿಟ್ಟರು. ಯುಗಾದಿ ಹೊತ್ತಿಗೆ ಹುಲ್ಲು ಹಳದಿಯಾಯಿತು, ಬ್ರೌನ್‌ಗಳು ಪುಡಿಯಾದವು.

ಬ್ರೌನ್ ನೋಡಿಕೊಳ್ಳುವ ತಾತ ಬೆಳಕು ಹರಿಯುವ ಮುಂಚೆ ಬಂದು ಒಂಬತ್ತೂ ಬ್ರೌನ್ ಎಳೆದು ಮುಗಿಸುವವರು. ಅವರನ್ನು ಕೇಳಿದೆ. "ಎಣ್ಣೆ ಕೊಡಿ ಅಂದ್ರೆ ಮುಂದಿನ ತಿಂಗಳು ಅಂತಾರಮ್ಮಾ. ಬರೀ ಗೋಣಿ ಎಳ್ದು ನಾನೇನ್ ಮಾಡ್ಲಿ?" ಅಂದರು. ಅವರ ಕೆಲಸಕ್ಕೆ ನಾನು ಯಾವತ್ತೂ ಒಂದು ಅಂಕ ಕಡಿಮೆ ಹಾಕುವುದಿಲ್ಲ.

ಬಾಯಿಮಾತಿನ ದೂರಿಗೆ ಬೆಲೆ ಇಲ್ಲ ಅಂತ ಮೇಷ್ಟ್ರು ಅಳೆಯಲು ಶುರು ಮಾಡಿದರು. ಗ್ರೀನ್‌ನ ವೇಗ ಅಳೆಯಲು ಸ್ಟಿಂಪ್‌ಮೀಟರ್ ಅಂತ ಒಂದು ಸಾಧನ ಇದೆ. 1935ರಲ್ಲಿ ಎಡ್ವರ್ಡ್ ಸ್ಟಿಂಪ್ಸನ್ ಅನ್ನುವವರು ಮಾಡಿದ್ದು. 36 ಇಂಚು ಉದ್ದದ ಪಟ್ಟಿ, ನಡುವೆ ಉದ್ದಕ್ಕೂ ಕಾಲುವೆ, ಮೇಲ್ಗಡೆ ಚೆಂಡು ಕೂರಲು ಒಂದು ಕಚ್ಚು. ಪಟ್ಟಿಯ ಒಂದು ತುದಿಯನ್ನು ನಿಧಾನಕ್ಕೆ ಎತ್ತುತ್ತಾ ಹೋದರೆ ಸುಮಾರು 20 ಡಿಗ್ರಿಗೆ ಚೆಂಡು ತಾನಾಗೇ ಬಿಟ್ಟುಕೊಂಡು ಉರುಳುತ್ತದೆ. ನೆಲದ ಮೇಲೆ ಎಷ್ಟು ಅಡಿ ಹೋಯಿತೋ ಅದೇ ವೇಗ. ಎದುರು ದಿಕ್ಕಿನಿಂದಲೂ ಉರುಳಿಸಿ ಸರಾಸರಿ ತೆಗೆಯಬೇಕು, ಇಳಿಜಾರಿನ ಮೋಸ ಹೋಗುತ್ತದೆ. ಮೇಷ್ಟ್ರು ಬಡಗಿಯ ಹತ್ತಿರ ಸಾಗುವಾನಿಯಲ್ಲಿ ಒಂದು ಮಾಡಿಸಿದರು.

ಮೂರನೇ ಬ್ರೌನ್‌ನಲ್ಲಿ ಚೆಂಡು ಎಂಟು ಅಡಿ ಹೋಯಿತು. ಏಳನೆಯದರಲ್ಲಿ ನಾಲ್ಕೂ ದಾಟಲಿಲ್ಲ. ನಿಧಾನದ ಬ್ರೌನ್ ಆಗಿದ್ದರೆ ನನಗೆ ತಕರಾರಿಲ್ಲ, ಕೈ ಅದಕ್ಕೆ ಹೊಂದಿಕೊಳ್ಳುತ್ತದೆ. ಒಂದೇ ಮೈದಾನದಲ್ಲಿ ಒಂದು ಎಂಟು, ಇನ್ನೊಂದು ನಾಲ್ಕು ಆದರೆ ಕೈ ಏನು ಕಲಿಯಬೇಕು? ಏಳನೆಯದರಲ್ಲಿ ಮರಳು ಎಷ್ಟು ಸಡಿಲ ಆಗಿತ್ತೆಂದರೆ ನಾನು ಹೇಳಿದ ಆ ಗೆರೆಯೂ ಉಳಿಯುತ್ತಿರಲಿಲ್ಲ, ಎರಡೂ ಕಡೆಯಿಂದ ಕುಸಿದು ಮುಚ್ಚಿಹೋಗುತ್ತಿತ್ತು. ನನಗೆ ಹೊಟ್ಟೆ ಉರಿದಿದ್ದು ಆಗ. ಆ ಬೇಸಿಗೆಯ ಕೊನೆಗೆ ನೋಟ್‌ಬುಕ್ಕಿನಲ್ಲಿ ಬ್ರೌನ್‌ಗೆ ಐದಕ್ಕೆ ಒಂದೂವರೆ ಹಾಕಿದೆವು. ಮಂಡಿ ಅಣ್ಣ ಒಂದು ಸಾಕು ಅಂದರು.

ಆಷಾಢದಲ್ಲಿ ಅಳತೆಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದು, ಇನ್ನೂ ಕೆಲವು ಸದಸ್ಯರ ಸಹಿ ಹಾಕಿಸಿ ಆಫೀಸಿಗೆ ಕೊಟ್ಟೆವು. ಎಣ್ಣೆಯ ಬಗ್ಗೆಯೂ ಬರೆದಿದ್ದೆವು. ಮುಂಚೆ ಹಾಕುತ್ತಿದ್ದದ್ದು ಗ್ಯಾರೇಜಿನ ವೇಸ್ಟ್ ಆಯಿಲ್. ವಾಸನೆ, ಶೂ ತುಂಬ ಕಪ್ಪು, ಮಳೆ ಬಂದರೆ ಅದು ಹರಿದು ಹೋಗುವುದು ಕೆಳಗಿನ ನೀರಿನ ಕುಂಟೆಗೆ. ದನಗಳು ಅಲ್ಲೇ ನೀರು ಕುಡಿಯುತ್ತವೆ. ಬೇರೆ ದಾರಿ ಹುಡುಕಿ ಅಂತ ಕೇಳಿದ್ದೆವು.

ಉತ್ತರ ಬರಲಿಲ್ಲ. ಆದರೆ ಶ್ರಾವಣದಲ್ಲಿ ಹೋದಾಗ ಏಳನೇ ಬ್ರೌನ್‌ನ ಮರಳೆಲ್ಲ ಪಕ್ಕದಲ್ಲಿ ಗುಡ್ಡೆ ಹಾಕಿತ್ತು. ತಾತ ಇಬ್ಬರು ಹುಡುಗರನ್ನು ಇಟ್ಟುಕೊಂಡು ಜರಡಿ ಹಿಡಿಯುತ್ತಿದ್ದರು. ಕಲ್ಲು, ಬೇರು, ಇರುವೆ ಗೂಡಿನ ಮಣ್ಣು ಎಲ್ಲ ಬೇರೆಯಾಗುತ್ತಿತ್ತು. ಬೆರೆಸುತ್ತಿದ್ದದ್ದು ಹೊಂಗೆ ಎಣ್ಣೆ. ನಮ್ಮ ಕಡೆ ಹೊಂಗೆ ಮರಕ್ಕೆ ಬರ ಇಲ್ಲ, ಗಾಣದವರ ಹತ್ತಿರ ಸಿಗುತ್ತದೆ. ವೇಸ್ಟ್ ಆಯಿಲ್‌ಗಿಂತ ದುಬಾರಿ, ಅದಕ್ಕೇ ಒಂದೇ ಬ್ರೌನ್‌ಗೆ ಮಾಡಿ ನೋಡುತ್ತಿದ್ದೇವೆ ಅಂದರು ಆಫೀಸಿನವರು. ಹೇಳಿದ ರೀತಿ ಚೆನ್ನಾಗಿತ್ತು. ನಮ್ಮ ಹಾಳೆ ಅವರ ಮೇಜಿನ ಗಾಜಿನ ಕೆಳಗೆ ಇತ್ತು. ಅಲ್ಲಿಗೆ ನನ್ನ ಸಿಟ್ಟು ಅರ್ಧ ಇಳಿಯಿತು.

ಹಿಂಗಾರಿನ ಮಳೆ ಆದ ಮೇಲೆ ಮತ್ತೆ ಅಳೆದೆವು. ಏಳನೆಯದು ಏಳೂವರೆ ಅಡಿ. ಮರಳು ಕೊಚ್ಚಿಲ್ಲ, ಗೆರೆ ಸ್ಪಷ್ಟವಾಗಿ ನಿಲ್ಲುತ್ತದೆ, ಶೂಗೆ ಕಪ್ಪು ಹತ್ತುವುದಿಲ್ಲ. ವಾಸನೆ ಸ್ವಲ್ಪ ಇದೆ, ಹೊಂಗೆ ಎಣ್ಣೆ ದೀಪ ಹಚ್ಚಿದ ಮನೆಯವರಿಗೆ ಅದು ಪರಿಚಯದ ವಾಸನೆ. ಅಂಕಲ್ ಅವತ್ತು ಒಂದು ಉದ್ದದ ಪಟ್ ಹಾಕಿ, ಗೆರೆಯ ಮೇಲೆ ಬಗ್ಗಿ ನೋಡಿ, "ಪರ್ಫೆಕ್ಟ್" ಅಂದರು. ಅವರ ಬಾಯಲ್ಲಿ ಆ ಮಾತು ಸುಲಭಕ್ಕೆ ಬರುವುದಿಲ್ಲ.

ಉಳಿದ ಏಳು ಬ್ರೌನ್‌ಗಳು ಇನ್ನೂ ಹಾಗೇ ಇವೆ. ಒಂಬತ್ತನೆಯದರಲ್ಲಿ ಸತ್ತ ಹುಲ್ಲಿನ ಹಾಸು ಕಿತ್ತು ಹಾಕಿದ್ದಾರೆ, ಬರೀ ಮಣ್ಣು, ಅಲ್ಲಿ ಆಡಲು ಆಗುವುದಿಲ್ಲ. ಲಾನ್‌ಗೆ ಟ್ಯಾಂಕರ್ ಈಗಲೂ ಬರುತ್ತದೆ. ಆ ಟ್ಯಾಂಕರ್ ನಿಲ್ಲಿಸಿ ಆ ದುಡ್ಡನ್ನು ಹೊಂಗೆ ಎಣ್ಣೆಗೆ ಹಾಕಲಿ, ತಾತನ ಜೊತೆಗಿದ್ದ ಇಬ್ಬರು ಹುಡುಗರನ್ನು ಕಾಯಂ ಇಟ್ಟುಕೊಳ್ಳಲಿ. ಏರಿಸಿದ ಫೀಸನ್ನು ನಾನು ಸಂತೋಷವಾಗಿ ಕೊಡುತ್ತೇನೆ.

ಹೊಸಬರು ಬರಬಹುದಾ ಅಂತ ಕೇಳಿದರೆ, ಬನ್ನಿ. ಕಲಿಯಲು ಇದಕ್ಕಿಂತ ಕಡಿಮೆ ಖರ್ಚಿನ ಜಾಗ ಈ ಕಡೆ ನಾನು ನೋಡಿಲ್ಲ. ಬೆಳಗ್ಗೆ ಬೇಗ ಬನ್ನಿ, ತಾತ ಎಳೆದ ಬ್ರೌನ್ ಮೇಲೆ ಮೊದಲು ಆಡುವ ಖುಷಿಯೇ ಬೇರೆ. ಕುಂಟೆ ಹಾಕದೆ ಮಾತ್ರ ಮುಂದಿನ ಹೋಲ್‌ಗೆ ಹೋಗಬೇಡಿ. ನಾವು ನಾಲ್ವರೂ ಈ ಸಲ ವರ್ಷದ ಸದಸ್ಯತ್ವ ಕಟ್ಟಿಲ್ಲ, ಆರು ತಿಂಗಳಿಗೆ ಮಾತ್ರ ಕಟ್ಟಿದ್ದೇವೆ. ಬೇಸಿಗೆಯೊಳಗೆ ಎಲ್ಲ ಬ್ರೌನ್‌ಗಳೂ ಏಳನೆಯದರ ಹಾಗೆ ಆದರೆ ಉಳಿದ ಆರು ತಿಂಗಳಿನದು ಆವತ್ತೇ ಕಟ್ಟುತ್ತೇವೆ ಅಂತ ಆಫೀಸಿನಲ್ಲಿ ಹೇಳಿ ಬಂದಿದ್ದೇವೆ.