ಜಿಲ್ಲಾ ಗ್ರಂಥಾಲಯದಲ್ಲಿ ಮೂರು ವರ್ಷ: ಒಬ್ಬ ವಿದ್ಯಾರ್ಥಿನಿಯ ವಿಮರ್ಶೆ

2023ರ ನವೆಂಬರ್ ಕೊನೆಯಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಅತಿಥಿ ಉಪನ್ಯಾಸಕರು ಸೇವೆ ಕಾಯಂ ಮಾಡಬೇಕೆಂದು ಒತ್ತಾಯಿಸಿ ರಾಜ್ಯದಾದ್ಯಂತ ಮುಷ್ಕರಕ್ಕೆ ಕುಳಿತಾಗ ನಾನು ಬಿ.ಎ. ಮೊದಲ ಸೆಮಿಸ್ಟರ್‌ನಲ್ಲಿದ್ದೆ. ವೇಳಾಪಟ್ಟಿಯಲ್ಲಿ ದಿನಕ್ಕೆ ಐದು ತರಗತಿಗಳಿದ್ದರೂ ಪಾಠ ಮಾಡುವವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಅತಿಥಿ ಉಪನ್ಯಾಸಕರೇ ಆಗಿದ್ದ ನಮ್ಮ ಕಾಲೇಜಿನಲ್ಲಿ ನಡೆಯುತ್ತಿದ್ದುದು ಒಂದು, ಹೆಚ್ಚೆಂದರೆ ಎರಡು. ಮುಷ್ಕರ ಹೊಸ ವರ್ಷದವರೆಗೂ ಎಳೆಯಿತು. ಬೆಳಗಿನ ಏಳೂವರೆಯ ಬಸ್ಸಿಗೆ ಹಳ್ಳಿಯಿಂದ ಹೊರಟು ಬಂದವರಿಗೆ ಸಂಜೆ ಐದರ ಬಸ್ಸಿನ ತನಕ ಎಲ್ಲಿ ಕೂರಬೇಕೆಂಬುದೇ ಪ್ರಶ್ನೆಯಾದಾಗ, ಗೆಳತಿಯೊಬ್ಬಳು ಬಸ್ ನಿಲ್ದಾಣದ ಹಿಂದಿನ ರಸ್ತೆಯ ಜಿಲ್ಲಾ ಗ್ರಂಥಾಲಯಕ್ಕೆ ಕರೆದುಕೊಂಡು ಹೋದಳು. ಅಂದಿನಿಂದ ಇಂದಿನವರೆಗೆ, ಅಂದರೆ ಪದವಿಯ ಮೂರೂ ವರ್ಷ, ಕಾಲೇಜಿಗಿಂತ ಹೆಚ್ಚು ಹೊತ್ತು ನಾನು ಅಲ್ಲೇ ಕಳೆದಿದ್ದೇನೆ. ಆದ್ದರಿಂದ ಅದರ ಸೇವೆಯ ಕುರಿತು ಬರೆಯುವಷ್ಟು ಬಳಕೆ ನನಗಿದೆ ಎಂದು ಭಾವಿಸುತ್ತೇನೆ. ಊರಿನ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಇಲ್ಲಿನ ಕೊರತೆಗಳಿಗೆ ಅಲ್ಲಿರುವ ಮೂರ್ನಾಲ್ಕು ಸಿಬ್ಬಂದಿಯನ್ನು ಹೊಣೆ ಮಾಡುವುದು ನನ್ನ ಉದ್ದೇಶವಲ್ಲ.

ಮೊದಲು ವಾಚನಾಲಯದ ವಿಷಯ. ಬಾಗಿಲು ತೆರೆಯುವುದು ಎಂಟೂವರೆಗೆ. ಎಂಟು ಗಂಟೆಗೇ ಮೆಟ್ಟಿಲ ಮೇಲೆ ಚೀಲಗಳ ಸಾಲು ನಿಂತಿರುತ್ತದೆ. ಒಳಗೆ ಹೋದ ಕೂಡಲೇ ಎಲ್ಲರೂ ಮಾಡುವ ಮೊದಲ ಕೆಲಸವೆಂದರೆ ಬಸ್ಸಿನ ಕಿಟಕಿಯಿಂದ ಸೀಟಿಗೆ ಕರ್ಚೀಫು ಹಾಕುವಂತೆ ಫ್ಯಾನಿನ ಕೆಳಗಿನ ಕುರ್ಚಿಗೆ ನೀರಿನ ಬಾಟಲಿಯನ್ನೋ ಹಳೆಯ ಗೈಡನ್ನೋ ಇಡುವುದು. ಹೀಗೆ ಹಿಡಿದಿಟ್ಟ ಕುರ್ಚಿಯನ್ನು ಟೀ ಕುಡಿದು ಬರುವ ಅರ್ಧ ಗಂಟೆಯಲ್ಲಿ ಯಾರೂ ಮುಟ್ಟುವುದಿಲ್ಲ ಎಂಬುದು ಅಲ್ಲಿನ ಅಲಿಖಿತ ನಿಯಮವಾಗಿದ್ದು, ನಾನು ಕಂಡಂತೆ ಗೋಡೆಯ ಮೇಲೆ ಬರೆದಿರುವ ಹನ್ನೊಂದು ನಿಯಮಗಳಿಗಿಂತ ಅದೇ ಹೆಚ್ಚು ಕಟ್ಟುನಿಟ್ಟಾಗಿ ಪಾಲನೆಯಾಗುತ್ತದೆ. ಮಹಿಳೆಯರಿಗೆಂದು ಕಿಟಕಿಯ ಪಕ್ಕ ಎರಡು ಉದ್ದನೆಯ ಮೇಜುಗಳಿವೆ. ಬೆಳಕು ಚೆನ್ನಾಗಿದೆ, ಗದ್ದಲವಿಲ್ಲ, ಯಾರೂ ಬಂದು ಏಕೆ ಕುಳಿತಿದ್ದೀಯೆಂದು ಕೇಳುವುದಿಲ್ಲ. ಒಂದು ಹೆಣ್ಣುಮಗಳು ಹಣ ಕೊಡದೆ, ಕಾರಣ ಹೇಳದೆ, ಎಂಟು ಗಂಟೆ ಕಾಲ ನೆಮ್ಮದಿಯಿಂದ ಕೂರಬಹುದಾದ ಇನ್ನೊಂದು ಜಾಗ ನಮ್ಮ ಊರಿನಲ್ಲಿ ದೇವಸ್ಥಾನದ ಹೊರತು ನನಗೆ ಗೊತ್ತಿಲ್ಲ, ಮತ್ತು ದೇವಸ್ಥಾನ ಮಧ್ಯಾಹ್ನ ಬಾಗಿಲು ಹಾಕುತ್ತದೆ. ಆದರೆ ಮಹಿಳೆಯರ ಶೌಚಾಲಯಕ್ಕೆ ಸದಾ ಬೀಗ. ಕೀಲಿ ಕೌಂಟರಿನ ಡ್ರಾಯರಿನಲ್ಲಿರುತ್ತದೆ. ಐವತ್ತು ಗಂಡಸರು ಕುಳಿತಿರುವ ಕೊಠಡಿಯನ್ನು ದಾಟಿ ಹೋಗಿ ಅದನ್ನು ಕೇಳಬೇಕು. ಬಹುಪಾಲು ಹುಡುಗಿಯರು ಕೇಳುವುದಿಲ್ಲ, ಬದಲಿಗೆ ನೀರು ಕುಡಿಯುವುದನ್ನು ಕಡಿಮೆ ಮಾಡುತ್ತಾರೆ.

ಬೆಳಗಿನ ಹೊತ್ತು ನಿವೃತ್ತರದು. ಒಂದು ಪತ್ರಿಕೆಯ ಹಾಳೆಗಳನ್ನು ನಾಲ್ವರು ಹಂಚಿಕೊಂಡು ಓದಿ, ಮತ್ತೆ ಪುಟಸಂಖ್ಯೆ ನೋಡಿ ಜೋಡಿಸಿ, ಓರೆ ಮೇಜಿನ ಕಬ್ಬಿಣದ ಸರಳಿನ ಅಡಿಗೆ ಸಿಕ್ಕಿಸಿ ಹೋಗುವ ಆ ಶಿಸ್ತು ನಮ್ಮ ವಯಸ್ಸಿನವರಿಗೆ ಇಲ್ಲ. ನಮ್ಮವರಲ್ಲಿ ಯಾರೋ ಉದ್ಯೋಗ ಪ್ರಕಟಣೆಗಳನ್ನು ಬ್ಲೇಡಿನಿಂದ ಕತ್ತರಿಸಿ ಒಯ್ಯುವುದರಿಂದ, ಹಿಂದಿನ ಪುಟದ ಸುದ್ದಿಯಲ್ಲಿ ಚೌಕಾಕಾರದ ಕಿಟಕಿಗಳು ಬೀಳುತ್ತವೆ. ಹತ್ತೂವರೆಯ ನಂತರ ಕೊಠಡಿ ಪೂರ್ತಿಯಾಗಿ ಸ್ಪರ್ಧಾತ್ಮಕ ಪರೀಕ್ಷೆಯವರ ವಶವಾಗುತ್ತದೆ. ಧಾರವಾಡಕ್ಕೋ ಬೆಂಗಳೂರಿನ ವಿಜಯನಗರಕ್ಕೋ ಹೋಗಿ ಕೋಚಿಂಗ್ ಸೇರಲು ಹಣ ಹೊಂದಿಸಲಾಗದವರು, ಹೋಗಿ ಹಣ ಮುಗಿದು ಮರಳಿದವರು, ಇಬ್ಬರೂ ಇಲ್ಲಿದ್ದಾರೆ. ನನ್ನ ಹಿಂದಿನ ಮೇಜಿನ ಅಣ್ಣನೊಬ್ಬರು 2021ರ ಅಕ್ಟೋಬರ್‌ನಲ್ಲಿ ನಡೆದ 545 ಪೊಲೀಸ್ ಸಬ್ ಇನ್‌ಸ್ಪೆಕ್ಟರ್ (ಪಿಎಸ್‌ಐ) ಹುದ್ದೆಗಳ ಪರೀಕ್ಷೆಯನ್ನೂ, ಅಕ್ರಮ ಬಯಲಾಗಿ ಅದು ರದ್ದಾದ ಮೇಲೆ 2024ರ ಜನವರಿಯಲ್ಲಿ ನಡೆದ ಮರುಪರೀಕ್ಷೆಯನ್ನೂ ಬರೆದವರು. ನಡುವಿನ ಎರಡು ವರ್ಷವನ್ನು ಅವರು ಕಳೆದದ್ದು ಅದೇ ಕುರ್ಚಿಯಲ್ಲಿ.

2024ರ ಆಗಸ್ಟ್ 27ರಂದು ಕರ್ನಾಟಕ ಲೋಕಸೇವಾ ಆಯೋಗ (ಕೆಪಿಎಸ್‌ಸಿ) 384 ಗೆಜೆಟೆಡ್ ಪ್ರೊಬೇಷನರಿ ಹುದ್ದೆಗಳಿಗೆ ಪೂರ್ವಭಾವಿ ಪರೀಕ್ಷೆ ನಡೆಸಿತು. ಮರುದಿನ ವಾಚನಾಲಯದಲ್ಲಿ, ಬಹುಶಃ ಮೊದಲ ಬಾರಿಗೆ, ಎಲ್ಲರೂ ಜೋರಾಗಿ ಮಾತನಾಡುತ್ತಿದ್ದರು. ಪ್ರಶ್ನೆಗಳ ಕನ್ನಡ ಅನುವಾದ ಎಷ್ಟು ಕೆಟ್ಟದಾಗಿತ್ತೆಂದರೆ ಪ್ರಶ್ನೆ ಅರ್ಥವಾಗಬೇಕಾದರೆ ಅದರ ಇಂಗ್ಲಿಷ್ ರೂಪವನ್ನು ಓದಲೇಬೇಕಾಗಿತ್ತು. ಪತ್ರಿಕೆ ಜೋಡಿಸುತ್ತಿದ್ದ ಹಿರಿಯರೊಬ್ಬರು, "ಏನಮ್ಮಾ, ಕನ್ನಡ ಶಾಲೇಲಿ ಓದಿದೋರಿಗೇ ಕನ್ನಡ ಅರ್ಥ ಆಗ್ಲಿಲ್ವಾ?" ಎಂದು ಕೇಳಿದರು. ಅವರು ತಮಾಷೆಗೆ ಕೇಳಿದ್ದರೂ ಯಾರೂ ನಗಲಿಲ್ಲ. ಅದೇ ವರ್ಷದ ಡಿಸೆಂಬರ್ 29ಕ್ಕೆ ಮರುಪರೀಕ್ಷೆಯಾಯಿತು, ಅದರ ಅನುವಾದದ ಮೇಲೂ ದೂರುಗಳು ಬಂದವು. ಗ್ರಂಥಾಲಯದ ವಿಮರ್ಶೆಯಲ್ಲಿ ಇದೇಕೆ ಎಂದು ಓದುಗರು ಕೇಳಬಹುದು. ಅರ್ಥಶಾಸ್ತ್ರವನ್ನೋ ಸಂವಿಧಾನವನ್ನೋ ಕನ್ನಡದಲ್ಲಿ ಆಳವಾಗಿ ಓದಬೇಕೆಂದು ಬರುವವರಿಗೆ ಇಲ್ಲಿನ ಕಪಾಟು ಕೊಡುವುದೇನು ಎಂಬುದಕ್ಕೂ ಆ ಪ್ರಶ್ನೆಪತ್ರಿಕೆಯ ಕನ್ನಡಕ್ಕೂ ದೂರದ ಸಂಬಂಧವಿಲ್ಲ, ಹತ್ತಿರದ್ದೇ ಇದೆ ಎಂಬುದು ನನ್ನ ಉತ್ತರ.

ಏಕೆಂದರೆ ಕಪಾಟಿನ ಕಥೆ ಬೇರೆಯೇ ಆಗಿದೆ. ಸದಸ್ಯತ್ವದ ಅರ್ಜಿಗೆ ಗೆಜೆಟೆಡ್ ಅಧಿಕಾರಿಯ ಸಹಿ ಬೇಕಾಗಿತ್ತು. ನಮ್ಮ ಪ್ರಾಂಶುಪಾಲರ ಕೊಠಡಿಯ ಮುಂದೆ ಎರಡು ದಿನ ನಿಂತು ಅದನ್ನು ಹಾಕಿಸಿಕೊಂಡು, ಠೇವಣಿ ಕಟ್ಟಿ, ಕಾರ್ಡು ಪಡೆದೆ. ಎರವಲು ವಿಭಾಗದಲ್ಲಿ ಕಾದಂಬರಿಗಳು ಧಾರಾಳವಾಗಿವೆ. ಒಂದೇ ಕವನ ಸಂಕಲನದ ಏಳು ಪ್ರತಿಗಳು ಕಟ್ಟು ಬಿಚ್ಚದೆ ಮೂಲೆಯಲ್ಲಿವೆ. ಸಗಟು ಖರೀದಿಯಲ್ಲಿ ಬಂದದ್ದನ್ನು ಇಟ್ಟುಕೊಳ್ಳುತ್ತಾರೆಯೇ ಹೊರತು ಇಲ್ಲಿ ಕುಳಿತವರು ಏನು ಓದುತ್ತಿದ್ದಾರೆ ಎಂದು ವಿಚಾರಿಸಿ ತರಿಸುವ ಪದ್ಧತಿ ನನಗೆ ಕಾಣಲಿಲ್ಲ. ಐದನೇ ಸೆಮಿಸ್ಟರ್‌ನಲ್ಲಿ ನಮ್ಮ ತಾಲ್ಲೂಕಿನ ಕೆರೆಗಳ ಮೇಲೆ ಸೆಮಿನಾರ್ ಬರೆಯಬೇಕಾಗಿ ಬಂದಾಗ ಜಿಲ್ಲಾ ಗೆಜೆಟಿಯರ್, ಅಂದರೆ ಜಿಲ್ಲೆಯ ಸಮಗ್ರ ಮಾಹಿತಿಯ ಸರ್ಕಾರಿ ಗ್ರಂಥ, ಬೇಕಾಯಿತು. ಅದು ಪರಾಮರ್ಶನ ವಿಭಾಗದ ಗಾಜಿನ ಬಾಗಿಲಿನ ಬೀರುವಿನಲ್ಲಿತ್ತು, ಬೆನ್ನಿನ ಮೇಲಿನ ಚಿನ್ನದ ಅಕ್ಷರ ಹೊರಗಿನಿಂದ ಓದಲು ಬರುತ್ತಿತ್ತು. ಕೀಲಿ ಮಾತ್ರ ಗ್ರಂಥಪಾಲಕರ ಬಳಿ, ಮತ್ತು ಅವರಿಗೆ ಇನ್ನೂ ಎರಡು ಶಾಖೆಗಳ ಪ್ರಭಾರ. ನಾಲ್ಕನೇ ಸಲಕ್ಕೆ ಅವರು ಸಿಕ್ಕರು, ಒಳ್ಳೆಯ ಮನುಷ್ಯ, ತಾವೇ ಧೂಳು ಒರೆಸಿ ತೆಗೆದುಕೊಟ್ಟರು. ಒಳಗೆ ಅಂಟಿಸಿದ್ದ ಚೀಟಿಯಲ್ಲಿ ಕೊನೆಯ ಮೊಹರು 2011ರದ್ದು. ಕೆರೆಗಳ ಅಧ್ಯಾಯದ ಪುಟಗಳು ಇನ್ನೂ ಒಂದಕ್ಕೊಂದು ಅಂಟಿಕೊಂಡೇ ಇದ್ದವು, ಸ್ಕೇಲು ತೂರಿಸಿ ಬಿಡಿಸಬೇಕಾಯಿತು.

ಓದುಗರ ಸಮಯ ಉಳಿಸಬೇಕೆಂಬುದು ಎಸ್. ಆರ್. ರಂಗನಾಥನ್ ಅವರು 1931ರಲ್ಲೇ ಮುಂದಿಟ್ಟ ಐದು ಸೂತ್ರಗಳಲ್ಲಿ ಒಂದು. ಗ್ರಂಥಾಲಯ ವಿಜ್ಞಾನವನ್ನು ದೇಶದಲ್ಲಿ ಕಟ್ಟಿದ ಅವರು ಕೊನೆಯ ವರ್ಷಗಳನ್ನು ಕಳೆದದ್ದು ಬೆಂಗಳೂರಿನಲ್ಲೇ. ಅವರ ಭಾವಚಿತ್ರ ಆ ಬೀರುವಿನ ಮೇಲೆಯೇ ತೂಗುತ್ತಿದೆ.

ಇದು ಧರ್ಮಕ್ಕೆ ನಡೆಯುವ ಸೇವೆ, ಇಷ್ಟಾದರೂ ಇದೆಯಲ್ಲ ಎನ್ನುವವರಿಗೆ ನಾನು ನನ್ನ ಚಿಕ್ಕಪ್ಪನ ಮನೆಯ ಕಂದಾಯದ ರಸೀದಿಯನ್ನು ತೋರಿಸಬಲ್ಲೆ. ಆಸ್ತಿ ತೆರಿಗೆಯ ಕೆಳಗೆ, ಭಿಕ್ಷುಕರ ಕರದ ಪಕ್ಕದಲ್ಲಿ, ಗ್ರಂಥಾಲಯ ಕರ ಎಂಬ ಸಾಲಿದೆ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆಯ ಅಡಿಯಲ್ಲಿ ವಸೂಲಾಗುವ ಈ ಕರ ಈಗ ತೆರಿಗೆಯ ಶೇ. 6ರಷ್ಟು, ಎರಡು ಸಾವಿರ ರೂಪಾಯಿ ತೆರಿಗೆ ಕಟ್ಟುವ ಮನೆಯವರು ₹120 ಕೊಡುತ್ತಾರೆ. ಗ್ರಂಥಾಲಯದ ಒಳಗೆ ಎಂದೂ ಕಾಲಿಡದ ಚಿಕ್ಕಪ್ಪ ಅದನ್ನು ವರ್ಷವೂ ತಪ್ಪದೆ ಕಟ್ಟಿದ್ದಾರೆ. ಊರಿನ ಎಲ್ಲ ಮನೆ ಮಳಿಗೆಗಳ ಲೆಕ್ಕ ಹಾಕಿದರೆ ಅದು ಸಣ್ಣ ಮೊತ್ತವಲ್ಲ. ಸ್ಥಳೀಯ ಸಂಸ್ಥೆಗಳು ವಸೂಲಿ ಮಾಡಿದ್ದನ್ನು ಗ್ರಂಥಾಲಯಕ್ಕೆ ಸಕಾಲದಲ್ಲಿ ದಾಟಿಸುವುದಿಲ್ಲ ಎಂಬ ದೂರು ರಾಜ್ಯದಲ್ಲಿ ಹಳೆಯದು. ಆದ್ದರಿಂದ ಹೊಸ ಪುಸ್ತಕ ಕೇಳುವುದು ಬೇಡುವುದಲ್ಲ, ಕೊಟ್ಟ ಹಣಕ್ಕೆ ಲೆಕ್ಕ ಕೇಳುವುದು.

ಹೋಲಿಕೆಗಾಗಿ ಹೇಳುವುದಾದರೆ, ಕಳೆದ ವರ್ಷ ಒಂದು ತಿಂಗಳು ಕಾಲೇಜು ರಸ್ತೆಯ ಖಾಸಗಿ ರೀಡಿಂಗ್ ರೂಮಿಗೂ ಹೋಗಿದ್ದೆ. ₹800 ಶುಲ್ಕ, ಮರದ ಗೂಡಿನಂಥ ಆಸನ, ವೈಫೈ, ಸ್ವಚ್ಛವಾದ ಶೌಚಾಲಯ, ರಾತ್ರಿ ಹನ್ನೊಂದರ ತನಕ ಬೆಳಕು. ಅಲ್ಲಿ ಪುಸ್ತಕಗಳೇ ಇಲ್ಲ, ಇಡುವ ಹೊಣೆಯೂ ಅವರಿಗಿಲ್ಲ. ಕೂರುವ ಜಾಗವೆಂದು ಲೆಕ್ಕ ಹಾಕಿದರೆ ಜಿಲ್ಲಾ ಗ್ರಂಥಾಲಯಕ್ಕೆ ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ, ಹಿಡಿದದ್ದು ಶೌಚಾಲಯದ ಆ ಬೀಗದ ಒಂದು ಅಂಕ. ಗ್ರಂಥಾಲಯವೆಂದು ಲೆಕ್ಕ ಹಾಕಿದರೆ ಎರಡಕ್ಕಿಂತ ಹೆಚ್ಚು ಕೊಡಲು ಮನಸ್ಸು ಬರುತ್ತಿಲ್ಲ. ಸರ್ಕಾರದ ಡಿಜಿಟಲ್ ಗ್ರಂಥಾಲಯದ ಫಲಕವೂ ಬಾಗಿಲಲ್ಲಿದೆ. ಮೊಬೈಲ್ ಡೇಟಾ ಇದ್ದವರಿಗೆ ಅದು ಉಪಯುಕ್ತ, ಆದರೆ ಒಳಗಿನ ಎರಡು ಕಂಪ್ಯೂಟರ್‌ಗಳ ಮೇಲಿನ ಪ್ಲಾಸ್ಟಿಕ್ ಹೊದಿಕೆ ತೆಗೆದದ್ದನ್ನು ನಾನು ನೋಡಿಲ್ಲ.

ಹೋಗುವವರು ಸೋಮವಾರ ಮತ್ತು ಎರಡನೇ ಮಂಗಳವಾರ ರಜೆ ಎಂಬುದನ್ನು ನೆನಪಿಡಿ. ಮಹಿಳೆಯರ ಮೇಜಿನ ಬಲತುದಿಯಲ್ಲಿ ಮಾತ್ರ ಪ್ಲಗ್ ಕೆಲಸ ಮಾಡುತ್ತದೆ. ಗೆಜೆಟಿಯರ್ ಬೇಕಾದವರು ಗುರುವಾರ ಮಧ್ಯಾಹ್ನ ಮೂರರ ನಂತರ ಹೋಗಬೇಕು. ಕೀಲಿ ಅಂದು ಊರಿನಲ್ಲಿರುತ್ತದೆ.