ಜರ್ಮನ್ ಎ1: ಆ್ಯಪ್, ಆನ್‌ಲೈನ್ ಬ್ಯಾಚ್, ಹಂಪನಕಟ್ಟೆಯ ಕ್ಲಾಸು, ಮೂರರಲ್ಲೂ ಕಲಿತು ನೋಡಿದೆ

ನಾನು ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಜರ್ಮನಿಗೆ ಹೋಗಬೇಕೆಂಬ ಆಸೆ ಇದೆ. ನಮ್ಮ ಕೆಲಸಕ್ಕೆ ಅಲ್ಲಿ ಸಾಮಾನ್ಯವಾಗಿ ಬಿ2 ಮಟ್ಟದ ಭಾಷೆ ಕೇಳುತ್ತಾರೆ. ಎ1, ಎ2, ಬಿ1 ದಾಟಿ ಬಿ2ಗೆ ಹೋಗಬೇಕು, ಮೊದಲ ಮೆಟ್ಟಿಲು ಎ1. ಈ ಒಂದು ಮೆಟ್ಟಿಲು ಹತ್ತಲು ನಾನು ಮೂರು ದಾರಿ ಹಿಡಿದೆ: ಎರಡು ತಿಂಗಳು ಫೋನಿನ ಆ್ಯಪ್, ಒಂದೂವರೆ ತಿಂಗಳು ರಾತ್ರಿಯ ಆನ್‌ಲೈನ್ ಬ್ಯಾಚ್, ಕೊನೆಗೆ ಹಂಪನಕಟ್ಟೆಯಲ್ಲಿ ಶನಿವಾರ, ಭಾನುವಾರದ ಕ್ಲಾಸು. ವಾರ್ಡಿನ ಹುಡುಗಿಯರು "ಅಕ್ಕಾ, ಯಾವುದಕ್ಕೆ ಸೇರಲಿ?" ಎಂದು ಕೇಳುತ್ತಲೇ ಇದ್ದಾರೆ. ಅವರಿಗಾಗಿ ಬರೆಯುತ್ತಿದ್ದೇನೆ.

ಆ್ಯಪ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಚಾ ಕುಡಿಯುವ ಹತ್ತು ನಿಮಿಷದಲ್ಲಿ ಒಂದು ಪಾಠ ಮುಗಿಯುತ್ತದೆ, ಹಣ ಬೇಡ, ಯಾರೂ ನಗುವುದಿಲ್ಲ. ಆದರೆ ಅಲ್ಲಿ ನಾಲ್ಕು ಉತ್ತರದಲ್ಲಿ ಒಂದನ್ನು ಒತ್ತುವುದೇ ಕೆಲಸ. ಪದ ನೋಡಿದರೆ ಗುರುತು ಸಿಗುತ್ತದೆ, ಬಾಯಿಗೆ ಬರುವುದಿಲ್ಲ. ಎರಡು ತಿಂಗಳಾದ ಮೇಲೆ ನನ್ನ ಹೆಸರಿನ ಅಕ್ಷರಗಳನ್ನು ಜರ್ಮನ್‌ನಲ್ಲಿ ಒಂದೊಂದಾಗಿ ಹೇಳಲು ನನಗೆ ಆಗಲಿಲ್ಲ. ಎ1 ಪರೀಕ್ಷೆಯಲ್ಲಿ ಅದನ್ನೇ ಕೇಳುತ್ತಾರೆ.

ಆನ್‌ಲೈನ್ ಬ್ಯಾಚ್ ರಾತ್ರಿ ಎಂಟೂವರೆಗೆ. ಫೀಸು ಕ್ಲಾಸಿನ ಅರ್ಧದಷ್ಟು. ಕಲಿಸುತ್ತಿದ್ದ ಸರ್ ವ್ಯಾಕರಣ ಬಹಳ ಚೆನ್ನಾಗಿ ಬಿಡಿಸಿ ಹೇಳುತ್ತಿದ್ದರು. ವಾಕ್ಯದಲ್ಲಿ ಕ್ರಿಯಾಪದ ಎರಡನೇ ಜಾಗದಲ್ಲಿ ಕೂರಬೇಕು ಎಂಬುದು ನನಗೆ ಅರ್ಥವಾದದ್ದು ಅವರಿಂದಲೇ. ಆದರೆ ನಾವು ಮೂವತ್ತು ಜನ. ಒಂದೂವರೆ ಗಂಟೆಯಲ್ಲಿ ನನ್ನ ಸರದಿ ಒಂದು ಸಲ ಬಂದರೆ ದೊಡ್ಡದು. ಇನ್ನೊಂದು ತೊಂದರೆ ರೆಕಾರ್ಡಿಂಗ್. ಡ್ಯೂಟಿ ಮುಗಿಸಿ ಸುಸ್ತಾಗಿದ್ದಾಗ "ನಾಳೆ ನೋಡಿದರಾಯ್ತು" ಅನ್ನಿಸುತ್ತದೆ, ಅಲ್ವಾ? ಹಾಗೆ ಹನ್ನೊಂದು ರೆಕಾರ್ಡಿಂಗ್ ಸೇರಿದವು. ಒಂದನ್ನೂ ನೋಡಲಿಲ್ಲ.

ಕ್ಲಾಸಿನಲ್ಲಿ ಹದಿನಾಲ್ಕು ಜನ. ಮೊದಲ ದಿನವೇ ಮೇಡಂ ತಮ್ಮ ಲೆಕ್ಕ ಹೇಳಿಬಿಟ್ಟರು. ಇಲ್ಲಿ ಒಂದು ಗಂಟೆ ಕೂತರೆ ಮನೆಯಲ್ಲಿ ಒಂದು ಗಂಟೆ ಓದಬೇಕು. ತಪ್ಪಾದರೂ ಜೋರಾಗಿ ಹೇಳಬೇಕು. ನಾಮಪದವನ್ನು ಒಂಟಿಯಾಗಿ ಬರೆದುಕೊಳ್ಳಲೇಬಾರದು, ಅದಕ್ಕೆ ಮೊದಲು ಲಿಂಗ ತೋರಿಸುವ ಡೇರ್ (ಪುಲ್ಲಿಂಗ), ಡೀ (ಸ್ತ್ರೀಲಿಂಗ), ಡಾಸ್ (ನಪುಂಸಕ) ಯಾವುದು ಬರುತ್ತದೋ ಅದನ್ನು ಸೇರಿಸಿಯೇ ಬರೆಯಬೇಕು.

ಈ ಮೂರನೇ ನಿಯಮ ಯಾಕೆ ಅಷ್ಟು ಮುಖ್ಯ ಎಂದು ಆಮೇಲೆ ತಿಳಿಯಿತು. ಕನ್ನಡದಲ್ಲೂ ಲಿಂಗ ಮೂರೇ. ಆದರೆ ನಮಗೆ ಅರ್ಥ ನೋಡಿದರೆ ಲಿಂಗ ಗೊತ್ತಾಗುತ್ತದೆ. ಜರ್ಮನ್‌ನಲ್ಲಿ ಚಮಚ ಪುಲ್ಲಿಂಗ, ಫೋರ್ಕ್ ಸ್ತ್ರೀಲಿಂಗ, ಚಾಕು ನಪುಂಸಕ. ಹುಡುಗಿ ಎಂಬ ಪದವೂ ನಪುಂಸಕಲಿಂಗವೇ! ಯೋಚಿಸಿ ಕಂಡುಹಿಡಿಯುವುದು ಕಷ್ಟ, ಪದದ ಜೊತೆಗೇ ಬಾಯಿಪಾಠ ಮಾಡಬೇಕು.

ಮೊದಲು ನೋಟ್‌ಬುಕ್ಕಿನಲ್ಲಿ ಪಟ್ಟಿ ಬರೆದೆ. ಪಟ್ಟಿಯಲ್ಲಿ ಮೇಲಿನ ಪದ ಕಂಡರೆ ಕೆಳಗಿನದು ತಾನಾಗಿ ನೆನಪಾಗುತ್ತದೆ, ಬಿಡಿಯಾಗಿ ಕೇಳಿದರೆ ಇಲ್ಲ. ಹಾಗಾಗಿ ಮನೆಯಲ್ಲಿದ್ದ ಹಳೇ ಮದುವೆ ಕಾಗದಗಳನ್ನು ಕತ್ತರಿಸಿ ಕಾರ್ಡು ಮಾಡಿದೆ. ಪುಲ್ಲಿಂಗಕ್ಕೆ ನೀಲಿ ಪೆನ್ನು, ಸ್ತ್ರೀಲಿಂಗಕ್ಕೆ ಕೆಂಪು, ನಪುಂಸಕಕ್ಕೆ ಹಸಿರು. ಸುರತ್ಕಲ್‌ನಿಂದ ಸ್ಟೇಟ್‌ಬ್ಯಾಂಕ್ ಬಸ್ಸು ಹತ್ತಿ ಸೀಟು ಸಿಕ್ಕಿದರೆ, ಇಳಿಯುವುದರೊಳಗೆ ನಲವತ್ತು ಕಾರ್ಡು ಎರಡು ಸುತ್ತು ಆಗುತ್ತಿತ್ತು. ಎ1 ಪದಪಟ್ಟಿಯಲ್ಲಿ ಇರುವುದೇ ಸುಮಾರು 650 ಪದ. ಬಸ್ಸಿನಲ್ಲೇ ಹೆಚ್ಚುಕಡಿಮೆ ಎಲ್ಲ ಮುಗಿಸಿದೆ.

ಕ್ಲಾಸಿನಲ್ಲಿ ಸಿಕ್ಕ ಇನ್ನೊಂದು ಲಾಭ ಅಕ್ಕಪಕ್ಕದವರು. 21ಕ್ಕೆ ಜರ್ಮನ್‌ನಲ್ಲಿ "ಒಂದು ಮತ್ತು ಇಪ್ಪತ್ತು" ಎನ್ನುತ್ತಾರೆ. ಇಪ್ಪತ್ತೊಂದು ಎನ್ನುವ ನಾನು ಫೋನ್ ನಂಬರ್ ಬರೆಯುವಾಗ ದಿನಾ ತಿರುವುಮುರುವು ಮಾಡುತ್ತಿದ್ದೆ. ಪಕ್ಕದ ಹುಡುಗಿಯ ಮನೆಮಾತು ಕೊಂಕಣಿ. "ನಮ್ಮ ಏಕ್ವೀಸ್‌ನಲ್ಲೂ ಒಂದು ಮೊದಲು ಬರ್ತದಲ್ಲ ಅಕ್ಕ" ಎಂದಳು. ಆ ದಿನದಿಂದ ನಾನೂ ಏಕ್ವೀಸ್ ನೆನೆದುಕೊಂಡು ಬರೆದೆ, ಸರಿಹೋಯಿತು. ಕನ್ನಡವೂ ಕೈಕೊಡಲಿಲ್ಲ. ನೀನು, ನೀವು ಇದ್ದ ಹಾಗೆ ಅವರಿಗೆ ಡೂ, ಜೀ ಇವೆ. ಪುಲ್ಲಿಂಗದ ಡೇರ್ ಕರ್ಮವಾದಾಗ ಡೇನ್ ಆಗುವುದೂ ನಮ್ಮ "ಅನ್ನು" ಪ್ರತ್ಯಯದ ಕೆಲಸವೇ. ಹಾಗೆ ನೋಡಿದ ಮೇಲೆ ಭಯ ಹೋಯಿತು.

ಬಲ್ಮಠದ ಕಡೆ ಹೋದಾಗಲೆಲ್ಲ ನನಗೆ ಕಿಟೆಲ್ ನೆನಪಾಗುತ್ತಾರೆ. ಕ್ರೈಸ್ತ ಧರ್ಮಪ್ರಚಾರದ ಬಾಸೆಲ್ ಮಿಷನ್‌ನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಆ ಮಿಷನ್‌ನ ಜರ್ಮನ್ ಪಾದ್ರಿ ಕಿಟೆಲ್ ದೊಡ್ಡವರಾದ ಮೇಲೆ ಕನ್ನಡ ಕಲಿತವರು. ಅವರ ನಿಘಂಟು 1894ರಲ್ಲಿ ಇದೇ ಊರಿನಲ್ಲಿ ಅಚ್ಚಾಯಿತು. ಜರ್ಮನ್ ಆಡುವವರು ನಮ್ಮ ಳಕಾರ ಕಲಿತರು ಎಂದರೆ, ನನಗೆ ಅವರ ತುಟಿ ದುಂಡಾಗಿಸಿ ಹೇಳುವ ಸ್ವರ ಬಾರದೇ ಇರುತ್ತದಾ?

ಕ್ಲಾಸಿನ ಕಷ್ಟವೂ ಇದೆ. ಡ್ಯೂಟಿ ಬದಲಾಗದೆ ಎರಡು ಭಾನುವಾರ ತಪ್ಪಿತು. ರೆಕಾರ್ಡಿಂಗ್ ಇಲ್ಲ, ಇನ್ನೊಬ್ಬರ ನೋಟ್ಸ್ ನೋಡಿ ಹಿಡಿಯಲು ಎರಡು ವಾರ ಬೇಕಾಯಿತು. ನೈಟ್ ಡ್ಯೂಟಿ ಜಾಸ್ತಿ ಇರುವವರಿಗೆ ಹೀಗೆ ತಿಂಗಳಿಗೊಮ್ಮೆ ಆದರೆ ಕ್ಲಾಸು ಉಳಿಯುವುದಿಲ್ಲ.

ಪರೀಕ್ಷೆ ಬರೆದದ್ದು ಬೆಂಗಳೂರಿನಲ್ಲಿ, ರಾತ್ರಿ ಬಸ್ಸಿಗೆ ಹೋಗಿ. ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು, ನಾಲ್ಕು ಭಾಗ. ನೂರಕ್ಕೆ 60 ಬಂದರೆ ಪಾಸು. ಓದುವ ಭಾಗಕ್ಕೆ ಆ್ಯಪ್‌ನ ಪದಗಳೂ ಕೆಲಸಕ್ಕೆ ಬಂದವು. ಬರೆಯುವಾಗ ಆನ್‌ಲೈನ್ ಸರ್ ಹೇಳಿಕೊಟ್ಟ ವಾಕ್ಯದ ಕಟ್ಟು ನೆನಪಾಯಿತು. ಮಾತಿನ ಭಾಗದಲ್ಲಿ ಇತರರ ಜೊತೆ ಮೇಜಿನ ಸುತ್ತ ಕೂರಿಸಿ, ಒಬ್ಬರು ಇನ್ನೊಬ್ಬರನ್ನು ಪ್ರಶ್ನೆ ಕೇಳಬೇಕು ಎಂದರು. ಅದು ನಮ್ಮ ಹಂಪನಕಟ್ಟೆಯ ಶನಿವಾರದ ಹಾಗೇ ಇತ್ತು. ನನ್ನ ಕೈ ನಡುಗಲಿಲ್ಲ.

ಶನಿವಾರ, ಭಾನುವಾರ ಬಿಡುವು ಮಾಡಿಕೊಳ್ಳಲು ಆಗುವವರು ಕ್ಲಾಸಿಗೇ ಸೇರಿ. ಆಗದವರು ಆನ್‌ಲೈನ್ ಹಿಡಿಯಿರಿ, ಆದರೆ ಹಣ ಕಟ್ಟುವ ಮೊದಲು ಬ್ಯಾಚಿನಲ್ಲಿ ಎಷ್ಟು ಜನ ಎಂದು ಕೇಳಿ. ಹದಿನೈದಕ್ಕಿಂತ ಜಾಸ್ತಿ ಅಂದರೆ ಬೇರೆ ಹುಡುಕಿ. ನನ್ನ ಕಾರ್ಡುಗಳು ಲಾಕರ್‌ನಲ್ಲಿ ಮಿಠಾಯಿ ಡಬ್ಬಿಯಲ್ಲಿವೆ, ಬಂದು ನೋಡಬಹುದು. ಮನೆಯ ಮದುವೆ ಕಾಗದಗಳನ್ನು ಮಾತ್ರ ರದ್ದಿಗೆ ಹಾಕಬೇಡಿ.